ಏಳನೇ ಭಾಗ ಬರುವವರೆಗೆ

ನಮ್ಮ ಮನೆಯಲ್ಲಿ ಕಥೆ ಓದಬೇಕಾದರೆ ಕರೆಂಟು ಹೋಗಬೇಕಿತ್ತು. ಕರೆಂಟು ಇದ್ದಷ್ಟು ಹೊತ್ತು ಪವರ್‌ಲೂಮಿನ ಸದ್ದಿಗೆ ಪಕ್ಕದವರು ಕಿವಿಗೆ ಬಾಯಿಟ್ಟು ಕೂಗಿದರೂ ಕೇಳುತ್ತಿರಲಿಲ್ಲ. ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಮನೆ ಅಂದರೆ ಮುಂದೆ ಮಗ್ಗದ ಶೆಡ್ಡು, ಹಿಂದೆ ಒಲೆ. ನಡುವೆ ಇದ್ದ ಗೋಡೆ ಇಡೀ ದಿನ ನಡುಗುತ್ತಿತ್ತು. ನಾನು ಪಕ್ಕದ ತಾಲ್ಲೂಕಿನ ವಿಜಯಪುರದಿಂದ ಸೊಸೆಯಾಗಿ ಬಂದವಳು. ನಮ್ಮೂರಿನ ರೇಷ್ಮೆ ಹುರಿ ಮಾಡುವ ಯಂತ್ರಗಳೂ ಸದ್ದು ಮಾಡುತ್ತವೆ, ಆದರೆ ಅವು ಗುಂಯ್‌ಗುಡುತ್ತವೆ, ಇವು ಹೊಡೆಯುತ್ತವೆ. ಈ ಮನೆಯವರೆಲ್ಲ ತುಟಿ ಅಲುಗುವುದನ್ನು ನೋಡಿಯೇ ಮಾತು ತಿಳಿದುಕೊಳ್ಳುತ್ತಿದ್ದರು. ನನಗೆ ಅದು ಬರಲು ವರ್ಷವೇ ಹಿಡಿಯಿತು. ಅಲ್ಲಿಯವರೆಗೆ ಅತ್ತೆ ಬೈಯುತ್ತಿದ್ದರೆ ನಾನು ಹಲ್ಲು ಬಿಟ್ಟುಕೊಂಡು ನಿಂತಿರುತ್ತಿದ್ದೆ.

ಕರೆಂಟು ಹೋದರೆ ಸಾಕು, "ಅಕ್ಕಾ, ಪುಸ್ತಕ ತಗೊಂಡು ಬನ್ನಿ" ಎಂದು ಮಗ್ಗದ ಕೆಲಸಗಾರರು ಕರೆಯುತ್ತಿದ್ದರು. ಎಡವದೆ ಗಟ್ಟಿಯಾಗಿ ಓದಬಲ್ಲವಳು ಆ ಮನೆಯಲ್ಲಿ ನಾನೊಬ್ಬಳೇ. ಸೌಟು ಕೆಳಗಿಟ್ಟು, ಕೈ ಒರೆಸಿಕೊಂಡು ಹೋಗಿ ನೂಲಿನ ಮೂಟೆಯ ಮೇಲೆ ಕೂರುತ್ತಿದ್ದೆ. ಅತ್ತೆ ಕೂಡ ಅಡ್ಡಿ ಮಾಡುತ್ತಿರಲಿಲ್ಲ, ಯಾಕೆಂದರೆ ಎಲ್ಲರಿಗಿಂತ ಹೆಚ್ಚು ಹುಚ್ಚು ಹಿಡಿದಿದ್ದದ್ದು ಅವರಿಗೇ.

ಅದು ಬೆಂಗಳೂರಿನಲ್ಲಿ ಅಚ್ಚಾಗಿ, ಭಾಗ ಭಾಗವಾಗಿ ಬರುತ್ತಿದ್ದ ಮಾಯಾಲೋಕದ ಕಾದಂಬರಿ. ತೊಂಬತ್ತರ ದಶಕದ ಮೊದಲ ವರ್ಷಗಳು. ಬಸ್ ಸ್ಟ್ಯಾಂಡಿನ ಹತ್ತಿರ ಬಾಡಿಗೆಗೆ ಪುಸ್ತಕ ಕೊಡುವ ಅಂಗಡಿಯೊಂದಿತ್ತು, ನನ್ನ ಗಂಡ ಅಲ್ಲಿಂದ ತರುತ್ತಿದ್ದರು. ಕೆರೆಯ ತಳದಲ್ಲಿ ಒಂದು ರಾಜ್ಯ, ಅಲ್ಲಿಗೆ ದಾರಿ ತೋರಿಸುವ ಮಾತಾಡುವ ಕೊಕ್ಕರೆ, ಉಸಿರು ಬಿಟ್ಟರೆ ತೆರೆದುಕೊಳ್ಳುವ ಕಲ್ಲಿನ ಬಾಗಿಲು. ಆರನೇ ಭಾಗದ ಕೊನೆಯಲ್ಲಿ ರಾಜ ಕೊಕ್ಕರೆಯ ಹಿಂದೆ ಹೋಗಿ ಆ ಬಾಗಿಲು ದಾಟಿದ, ಬಾಗಿಲು ಮುಚ್ಚಿಕೊಂಡಿತು. ರಾಣಿ ಕೋಟೆಯ ಬಾಗಿಲಲ್ಲಿ ದೀಪ ಹಿಡಿದು ಕಾಯುತ್ತಾ ನಿಂತಳು. ಅಲ್ಲಿಗೆ ನಿಲ್ಲಿಸಿದ ಮಹಾನುಭಾವ ಲೇಖಕ, ಆಮೇಲೆ ಒಂದು ವರ್ಷ ದಾಟಿದರೂ ಸುದ್ದಿಯೇ ಇಲ್ಲ.

ಸುದ್ದಿ ಇಲ್ಲದಿದ್ದರೆ ನಮ್ಮ ಜನ ಸುಮ್ಮನಿರುತ್ತಾರೆಯೇ? ತಾವೇ ಹುಟ್ಟಿಸುತ್ತಾರೆ. ಲೇಖಕರಿಗೆ ಕಣ್ಣು ಹೋಗಿದೆಯಂತೆ ಎಂದು ಅಂಗಡಿಯವನು ಹೇಳಿದ. ಇಲ್ಲ, ಪ್ರಕಾಶಕರ ಜೊತೆ ಜಗಳವಂತೆ ಎಂದು ವಿಜಯಪುರದ ಬಸ್ಸಿನ ಕಂಡಕ್ಟರ್ ಹೇಳಿದ. ಅವನೂ ನಮ್ಮ ಹಾಗೆಯೇ ಆರನೇ ಭಾಗ ಓದಿ ಒದ್ದಾಡುತ್ತಿದ್ದವನು. ನನ್ನ ತವರಿನಿಂದ ನೂಲು ತರುವವರು, ಅಲ್ಲಿನ ಹುರಿ ಕಾರ್ಖಾನೆಗಳಲ್ಲಿ ರಾಜ ಸತ್ತೇ ಹೋದನೆಂದು ಎಲ್ಲರೂ ಒಪ್ಪಿಕೊಂಡಿದ್ದಾರೆ ಎಂಬ ವರದಿ ತಂದರು. ನಮ್ಮ ಬೀದಿ ಒಪ್ಪಲಿಲ್ಲ. ಕರೆಂಟು ಹೋದಾಗಲೆಲ್ಲ ಇದೇ ವಾದ. ಬಂದ ಮೇಲೂ ತುಟಿಯಲ್ಲೇ ಮುಂದುವರಿಯುತ್ತಿತ್ತು.

ಆದರೆ ಈ ವಾದ ಶುರುವಾದರೆ ನನಗೆ ಅಲ್ಲಿ ಕೂರಲಾಗುತ್ತಿರಲಿಲ್ಲ. ಕಾರಣ, ನನ್ನ ನಾದಿನಿ ಅಲ್ಲೇ ಮೂಲೆಯ ಮಗ್ಗದ ಮುಂದೆ ಕೂತಿರುತ್ತಿದ್ದಳು.

ಅವಳ ಗಂಡ ಮನೆ ಅಳಿಯನಾಗಿ ಬಂದು ಆ ಮೂಲೆಯ ಮಗ್ಗವನ್ನೇ ನಡೆಸುತ್ತಿದ್ದವನು. ಒಳ್ಳೆಯ ಕೆಲಸಗಾರ, ತಮಾಷೆಯ ಮನುಷ್ಯ, ಯಾರ ಹಾಗೆ ಬೇಕಾದರೂ ನಡೆದು ತೋರಿಸುತ್ತಿದ್ದ. ನಾನು ಮದುವೆಯಾಗಿ ಬಂದ ವರ್ಷ, ಮಗ್ಗಕ್ಕೆ ಒಂದು ಬಿಡಿಭಾಗ ತರುತ್ತೇನೆಂದು ಬೆಂಗಳೂರಿನ ಬಸ್ಸು ಹತ್ತಿದವನು ವಾಪಸ್ಸು ಬರಲಿಲ್ಲ. ಸೂರತ್‌ನಲ್ಲಿ ಕಂಡರು ಅಂದರು, ಸೇಲಂನಲ್ಲಿ ಕಂಡರು ಅಂದರು, ಹುಡುಕಿಕೊಂಡು ಹೋದವರಿಗೆ ಎಲ್ಲೂ ಸಿಗಲಿಲ್ಲ. ಆಮೇಲೆ ಮನೆಯಲ್ಲಿ ಅವನ ಮಾತು ಎತ್ತುವುದನ್ನೇ ಬಿಟ್ಟರು. ನಾದಿನಿ ತಾನೇ ಆ ಮಗ್ಗಕ್ಕೆ ಕೂತಳು. ದಿನಾ ಮುದ್ದೆ ಕಟ್ಟುವಾಗ ಒಂದು ಹೆಚ್ಚಿಗೆ ಕಟ್ಟುತ್ತಿದ್ದಳು. ಯಾರಿಗೆ ಎಂದು ಯಾರೂ ಕೇಳುತ್ತಿರಲಿಲ್ಲ. ಸಂಜೆ ಅದು ಪಕ್ಕದ ಮನೆಯ ಎಮ್ಮೆಗೆ ಹೋಗುತ್ತಿತ್ತು.

ಹೀಗಿರುವಾಗ ರಾಜ ಬದುಕಿದ್ದಾನೋ ಇಲ್ಲವೋ ಎಂದು ಒಂದು ಶೆಡ್ಡು ಜನ ಅವಳ ಮುಂದೆ ಜಗಳವಾಡುತ್ತಿದ್ದರೆ ಅದು ಯಾವ ರಾಜನ ವಿಷಯ ಎಂದು ಯಾರಿಗೆ ತಿಳಿಯದು? ನೇರವಾಗಿ ಆಡಲಾಗದ್ದನ್ನೆಲ್ಲ ಪುಸ್ತಕದ ನೆಪದಲ್ಲಿ ಆಡುತ್ತಿದ್ದರು. ಅತ್ತೆಯಂತೂ, "ಬಂದೇ ಬರ್ತಾನೆ, ಅಂಥ ಹೆಂಡ್ತೀನ ಬಿಟ್ಟು ಎಲ್ಲಿಗೋಗ್ತಾನೆ" ಎಂದು ಅನ್ನುವಾಗ ಮಗಳ ಕಡೆ ನೋಡುತ್ತಲೇ ಇರಲಿಲ್ಲ.

ಆ ಹೊತ್ತಿಗೆ ನಮ್ಮ ತಾಲ್ಲೂಕಿನದೇ ಹಳ್ಳಿ ಮಧುರೆಯಿಂದ ಒಂದು ಮಾತು ಬಂತು. ದೂರದ ನೆಂಟರ ಪೈಕಿ ಒಬ್ಬರು, ಹೆಂಡತಿ ತೀರಿಕೊಂಡಿದ್ದರು, ಜಮೀನು ನೋಡಿಕೊಂಡಿದ್ದರು. ನಾದಿನಿಯನ್ನು ಕೂಡಿಕೆ ಮಾಡಿಕೊಳ್ಳುತ್ತೇನೆ ಎಂದರು. ಕೂಡಿಕೆ ಅಂದರೆ ಚಪ್ಪರ, ವಾಲಗ ಏನೂ ಇಲ್ಲದ ಎರಡನೇ ಮದುವೆ. ಹಿರಿಯರು ಕೂರುತ್ತಾರೆ, ಗಂಡು ಒಂದು ಸೀರೆ ಕೊಡುತ್ತಾನೆ, ಹೆಣ್ಣು ಅದನ್ನು ಉಟ್ಟು ಬಂದರೆ ಆಯಿತು. ಹೋದವನು ಹೋಗಿ ಇಷ್ಟು ವರ್ಷವಾದ ಮೇಲೆ ತಪ್ಪೇನಿಲ್ಲ ಎಂದು ಹಿರಿಯರೂ ಒಪ್ಪಿದರು. ಮಾವ ಮಗಳನ್ನು ಕೇಳಿದಾಗ ಅವಳು ಲಾಳಿಗೆ ನೂಲು ಪೋಣಿಸುತ್ತಾ, "ಏಳನೇ ಭಾಗ ಬರ್ಲಿ ಅಪ್ಪ, ಆಮೇಲೆ ಹೇಳ್ತೀನಿ" ಎಂದಳು.

ಮಾವ ತಮಾಷೆ ಎಂದುಕೊಂಡರು. ತಮಾಷೆಯಾಗಿರಲಿಲ್ಲ. ದೇವರ ಮುಂದೆ ಹೂ ಕೇಳುತ್ತಾರಲ್ಲ, ಬಲಗಡೆ ಬಿದ್ದರೆ ಹೂಂ, ಎಡಗಡೆ ಬಿದ್ದರೆ ಊಹೂಂ, ಅವಳು ಆ ಪುಸ್ತಕವನ್ನು ಹಾಗೆ ಮಾಡಿಕೊಂಡಿದ್ದಳು. ನನಗೆ ಸಿಟ್ಟು ಬಂತು. ಬೆಂಗಳೂರಿನಲ್ಲಿ ಕೂತು ಯಾರೋ ಒಬ್ಬ ಕಾಫಿ ಕುಡಿಯುತ್ತಾ ಬರೆಯುವುದರ ಮೇಲೆ ಇವಳ ಬಾಳು ನಿಂತಿದೆಯಲ್ಲ ಎಂದು ಸಿಟ್ಟು. ಅಷ್ಟು ದಿನ ಓದಿ ಓದಿ ತಲೆಗೆ ತುಂಬಿದವಳು ನಾನೇ ಅಲ್ಲವೇ ಎಂಬ ಕಸಿವಿಸಿ ಬೇರೆ. ಅವಳು ಮಧುರೆಗೆ ಹೋಗಲಿ ಎಂದು ನನಗಿತ್ತು. ಆ ಹೆಚ್ಚಿನ ಮುದ್ದೆ ನೋಡಿ ನೋಡಿ ನನಗೆ ಸಾಕಾಗಿತ್ತು.

ಅಷ್ಟರಲ್ಲಿ ಬಾಡಿಗೆ ಪುಸ್ತಕದಂಗಡಿಯ ಬಾಗಿಲಿಗೆ ಏಳನೇ ಭಾಗದ ಮುಖಪುಟದ ಚಿತ್ರ ಅಂಟಿಸಿದರು. ಇಡೀ ಬೀದಿ ಹೋಗಿ ನೋಡಿ ಬಂತು. ರಾಜನ ಬಿಳಿ ಕುದುರೆ, ಮೇಲೆ ಯಾರೂ ಇಲ್ಲ. ಪಕ್ಕದಲ್ಲಿ ರಾಣಿ.

"ಕುದುರೆ ಖಾಲಿ ಐತೆ ಅಂದ್ರೆ ಹೋದ ಅಂತಾನೇ ಗುರು" ಎಂದ ಎರಡನೇ ಮಗ್ಗದವನು.

"ಇಳಿದು ಎಲ್ಲಾದ್ರೂ ನಿಂತಿರ್ಬೋದು ಕಣೋ, ಮನುಷ್ಯ ಅಂದ್ಮೇಲೆ ಇಳಿಯಲ್ವಾ?" ಎಂದ ಅವನ ಜೊತೆಯವನು.

ಅತ್ತೆ ಕುದುರೆಯನ್ನು ನೋಡಲೇ ಇಲ್ಲ. ನೇಕಾರರ ಮನೆಯವರು, ಸೀರೆ ನೋಡಿದರು. "ಅರಿಶಿನ ಮೈ, ಕೆಂಪು ಅಂಚು. ಧಾರೆ ಸೀರೆ ಅದು. ಗಂಡ ಸತ್ತಿದ್ರೆ ಆ ಸೀರೆ ಉಡಿಸ್ತಿದ್ರಾ?" ಎಂದು ತೀರ್ಪು ಕೊಟ್ಟರು. ಬಣ್ಣ ಬಳಿದವನಿಗೆ ಧಾರೆ ಸೀರೆಯೂ ಗೊತ್ತಿಲ್ಲ, ಬಾರೆ ಸೀರೆಯೂ ಗೊತ್ತಿಲ್ಲ, ಸೆರಗನ್ನೇ ಬಲಗಡೆ ಹಾಕಿದ್ದಾನೆ ಎಂದು ನಾನು ಅಂದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಬೀದಿಯವರೆಲ್ಲ ಆ ಸೀರೆಯನ್ನೇ ನಂಬಿದರು. ರಾಜ ಬರುತ್ತಾನೆ ಎಂಬ ಸುದ್ದಿ ವಿಜಯಪುರದವರೆಗೂ ಹೋಗಿ, ಅಲ್ಲಿನವರೂ ಪಕ್ಷ ಬದಲಾಯಿಸಿದರಂತೆ. ನಾದಿನಿ ಮಾತ್ರ ಮಗ್ಗ ಬಿಟ್ಟು ಏಳಲಿಲ್ಲ. ಅವತ್ತು ಊಟಕ್ಕೂ ಬರಲಿಲ್ಲ.

ಪುಸ್ತಕ ಬಂದ ದಿನ ಬೆಳಗ್ಗೆಯಿಂದ ಕರೆಂಟು ಇತ್ತು. ನಾನು ತಡೆಯಲಾರದೆ ಒಲೆಯ ಮುಂದೆ ಕೂತು ಮೊದಲೇ ಓದಿಬಿಟ್ಟೆ. ಅನ್ನ ತಳ ಹಿಡಿಯಿತು. ಅತ್ತೆ ಹೇಳಿದ ಹಾಗೆಯೇ ಆಗಿತ್ತು, ರಾಜ ಬಂದಿದ್ದ. ಇದನ್ನು ಕೇಳಿದರೆ ನಾದಿನಿ ಮಧುರೆಗೆ ಬೇಡ ಅನ್ನುತ್ತಾಳೆ, ಮುದುಕಿಯಾಗುವವರೆಗೂ ಆ ಮೂಲೆಯಲ್ಲಿ ಕೂತು ಕಾಯುತ್ತಾಳೆ. ಸುಳ್ಳು ಓದಿಬಿಡಲೇ ಅನಿಸಿತು. ರಾಜ ಬರಲಿಲ್ಲ, ರಾಣಿ ದೀಪ ಆರಿಸಿದಳು ಎಂದು ಎರಡು ಸಾಲು ಹೇಳಿದರೆ ಮುಗಿಯಿತು. ಆದರೆ ಊರೆಲ್ಲ ಓದುವ ಪುಸ್ತಕ, ನನ್ನ ಸುಳ್ಳು ಎಷ್ಟು ದಿನ ಬಾಳೀತು? ಹೇಗೂ ಕರೆಂಟು ಇದೆ, ಇವತ್ತೊಂದು ದಿನ ಹೋಗದಿರಲಿ ಎಂದು ಬೇಡಿಕೊಂಡೆ. ಮಧ್ಯಾಹ್ನ ಹೋಯಿತು.

ಇದ್ದದ್ದನ್ನು ಇದ್ದ ಹಾಗೆ ಓದಿದೆ. ಗಡ್ಡ ಬಿಟ್ಟ ರಾಜ ಕೋಟೆಯ ಬಾಗಿಲಿಗೆ ಬಂದು ನಿಲ್ಲುತ್ತಾನೆ. ರಾಣಿ ಬಾಗಿಲು ತೆಗೆಯುತ್ತಾಳೆ. ಅವನ ಕಾಲು ತೊಳೆದು ಒಳಗೆ ಕರೆದುಕೊಂಡು ಹೋಗುತ್ತಾಳೆ. ಶೆಡ್ಡಿನಲ್ಲಿ ಶಿಳ್ಳೆ ಹೊಡೆದರು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನು ನಾದಿನಿಯ ಮುಖ ನೋಡಲಿಲ್ಲ.

"ಆ ಪುಟ ಇನ್ನೊಂದ್ಸಲ ಓದಿ ಅತ್ತಿಗೆ" ಎಂದಳು ಅವಳು.

ಓದಿದೆ.

"ಎಲ್ಲಿದ್ದೆ ಅಂತ ಕೇಳ್ಲಿಲ್ವಾ ರಾಣಿ?"

"ಇಲ್ಲ ಕಣೇ."

"ಮುಂದಿನ ಪುಟದಲ್ಲಿ?"

"ಅಲ್ಲೂ ಇಲ್ಲ."

"ಬಂದನಲ್ಲ ಬಿಡಕ್ಕ, ಬಂದಿದ್ದೇ ದೊಡ್ದು" ಎಂದ ಎರಡನೇ ಮಗ್ಗದವನು. ಅಷ್ಟರಲ್ಲಿ ಕರೆಂಟು ಬಂತು. ಎಲ್ಲರೂ ಎದ್ದು ಸ್ವಿಚ್ಚು ಒತ್ತಿದರು, ಮಗ್ಗಗಳು ಹೊಡೆಯತೊಡಗಿದವು. ನಾನು ಪುಸ್ತಕ ಮುಚ್ಚಿ ಎದ್ದೆ. ಮೂಲೆಯ ಮಗ್ಗದ ಮುಂದೆ ನಿಂತು ನಾದಿನಿ ತನ್ನ ತಾಯಿಯನ್ನೇ ನೋಡುತ್ತಾ ತುಟಿ ಅಲುಗಿಸಿದಳು.

"ನಾನಾಗಿದ್ರೆ ಬಾಗಿಲು ತೆಗೀತಿರ್ಲಿಲ್ಲ."

ಅತ್ತೆ ತಿಳಿಯದವರ ಹಾಗೆ ಕೈಯಾಡಿಸಿದರು. ಇಡೀ ಬೀದಿಯ ತುಟಿ ಓದುವ ಹೆಂಗಸಿಗೆ ಅವತ್ತು ಮಗಳ ತುಟಿ ತಿಳಿಯಲಿಲ್ಲ.

"ಮಧುರೆಯವರಿಗೆ ಹೂಂ ಅಂತ ಹೇಳಿ ಕಳ್ಸಮ್ಮ" ಎಂದಳು ಅವಳು, ನಿಧಾನವಾಗಿ, ಒಂದೊಂದೇ ಅಕ್ಷರ ಕಾಣುವ ಹಾಗೆ. ಅಲ್ಲಿದ್ದವರೆಲ್ಲ ನೋಡಿದರು.

ಆಮೇಲೆ ಹಿತ್ತಲಲ್ಲಿ ನಾನು ಕೇಳಿದೆ. "ಮತ್ತೆ ದಿನಾ ಆ ಮುದ್ದೆ ಯಾಕೆ ಕಟ್ತಿದ್ದೆ? ಬರ್ಲಿ ಅಂತಲ್ವಾ?"

"ಬರ್ಲಿ ಅಂತಲ್ಲ ಅತ್ತಿಗೆ, ಭಯಕ್ಕೆ. ಬಂದ ದಿನ ಊಟ ಇಲ್ಲ ಅಂತ ಅದೇ ನೆಪ ಮಾಡ್ಕೊಂಡು ಮತ್ತೆ ಹೋಗ್ಬಿಟ್ರೆ? ಆವಾಗ ತಪ್ಪು ನನ್ನದೇ ಆಗ್ತಿತ್ತು. ಗಂಡನ್ನ ಹಿಡ್ಕೊಳಕ್ಕೆ ಬರ್ಲಿಲ್ಲ ಅಂತ ಈಗ್ಲೇ ಅಂದಿದ್ದಾರಲ್ಲ." ರಾಜ ಬಂದ ಎಂದು ನಾನು ಓದಿದಾಗ ತನ್ನ ಎದೆ ಝಲ್ಲೆಂದಿತೆಂದೂ, ಅದು ಸಂತೋಷಕ್ಕಲ್ಲವೆಂದು ಆಗಲೇ ಗೊತ್ತಾಯಿತೆಂದೂ ಹೇಳಿದಳು. ಅಷ್ಟು ವರ್ಷ ಒಂದೇ ಒಲೆಯ ಮುಂದೆ ಕೂತಿದ್ದ ನನಗೆ ಅವಳ ಭಯ ಕಂಡಿರಲಿಲ್ಲ. ಕಾಯುತ್ತಿದ್ದಾಳೆ ಎಂದು ಎಲ್ಲರ ಹಾಗೆ ನಾನೂ ಮರುಗುತ್ತಿದ್ದೆ.

ಕೂಡಿಕೆ ನಡೆಯಿತು. ಮಧುರೆಯವರು ಬೆಂಗಳೂರಿನ ಅಂಗಡಿಯಿಂದ ಸೀರೆ ತಂದಿದ್ದರು. ನಮ್ಮವರು ಅಂಚು ತಿರುವಿ ನೋಡಿ ನಕ್ಕರು, ಅದು ನಮ್ಮ ಬೀದಿಯಲ್ಲೇ ನೇಯ್ದದ್ದು. ಪಾಪ, ಆ ಮನುಷ್ಯನ ಮುಖ ಇಷ್ಟಾಯಿತು. ನಾದಿನಿ ಅದನ್ನೇ ಉಟ್ಟು ಬಂದು ಕೂತಳು, ಸಂಜೆಯ ಬಸ್ಸಿಗೆ ಹೊರಟಳು. ಅತ್ತೆ ಬಾಗಿಲವರೆಗೂ ಬರಲಿಲ್ಲ.

ಎರಡು ಮಳೆಗಾಲ ಕಳೆದ ಮೇಲೆ ಒಂದು ದಿನ ಹಗಲು ಹೊತ್ತಿನಲ್ಲಿ, ಮಗ್ಗಗಳೆಲ್ಲ ನಡೆಯುತ್ತಿರುವಾಗ, ಬಿಡಿಭಾಗ ತರಲು ಹೋದವನು ಬಂದು ಬಾಗಿಲಲ್ಲಿ ನಿಂತ. ಗಡ್ಡವೇನೂ ಇರಲಿಲ್ಲ, ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಒಂದು ಬ್ಯಾಗು. ಮೊದಲು ನೋಡಿದ್ದು ಎರಡನೇ ಮಗ್ಗದವನು. ಅವನು ಸ್ವಿಚ್ಚು ಆರಿಸಿದ. ಪಕ್ಕದವನು ಆರಿಸಿದ. ಒಂದೊಂದಾಗಿ ಎಲ್ಲ ಮಗ್ಗಗಳೂ ನಿಂತವು. ಕರೆಂಟು ಇದ್ದೂ ಆ ಶೆಡ್ಡು ಸುಮ್ಮನಾದದ್ದನ್ನು ನಾನು ಅವತ್ತೊಂದೇ ದಿನ ಕಂಡದ್ದು. ಅವನು ನಗಲು ನೋಡಿದ, ಒಳಗೆ ಕಾಲಿಡಲು ಹೊರಟ. ಅತ್ತೆ ಎದ್ದು ಹೋಗಿ ಹೊಸಿಲಿಗೆ ಅಡ್ಡ ನಿಂತರು. ಬಂದೇ ಬರುತ್ತಾನೆ ಎಂದು ವರ್ಷಗಟ್ಟಲೆ ವಾದಿಸಿದ್ದವರು.

"ಎಲ್ಲಿದ್ದೆ?" ಎಂದರು.

ಅವನು ತಲೆ ತಗ್ಗಿಸಿದ. ಎಲ್ಲರೂ ಕಾದೆವು. ಕೊನೆಗೆ ಬ್ಯಾಗನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿಕೊಂಡು, ಬಂದ ದಾರಿಯಲ್ಲೇ ಹೋದ.

ಬೇರೆಯವರ ಬಾಯಿಂದ ತಿಳಿಯುವುದು ಬೇಡವೆಂದು ಮಾರನೆಯ ದಿನ ನಾನೇ ಮಧುರೆಗೆ ಹೋದೆ. ನಾದಿನಿ ಕೊಟ್ಟಿಗೆಯಲ್ಲಿ ಹಸುವಿಗೆ ಮೇವು ಹಾಕುತ್ತಿದ್ದಳು. ಅವನು ಬಂದದ್ದು, ಅತ್ತೆ ಅಡ್ಡ ನಿಂತದ್ದು ಎಲ್ಲ ಹೇಳಿದೆ.

"ಅಮ್ಮ ಕೇಳಿದ್ಲಾ, ಎಲ್ಲಿದ್ದೆ ಅಂತ?"

"ಕೇಳಿದ್ರು. ಅದೇ ಮೊದಲ್ನೇ ಮಾತು."

"ಏನಂದ?"

"ಏನೂ ಅನ್ಲಿಲ್ಲ. ಹೊರಟೋದ."

ಖುಷಿಪಡುತ್ತಾಳೆ ಎಂದುಕೊಂಡಿದ್ದೆ. ಅವಳು ಮೇವಿನ ಪಕ್ಕದಲ್ಲೇ ಕುಸಿದು ಕೂತಳು. ಅವನು ಹೋದಾಗ ಅಳದವಳು, ಕೂಡಿಕೆಯ ದಿನ ಅಳದವಳು, ಆಗ ಅತ್ತಳು.

"ಒಂದು ಸುಳ್ಳಾದ್ರೂ ಹೇಳ್ಬಾರ್ದಿತ್ತಾ ಅತ್ತಿಗೆ? ಇಷ್ಟು ವರ್ಷಕ್ಕೆ, ನನಗೆ ಅಂತ, ಒಂದು ಸುಳ್ಳೂ ಯೋಚ್ನೆ ಮಾಡ್ಕೊಂಡು ಬರ್ಲಿಲ್ವಾ ಅವ್ನು?"