ಗೇರಿನ ಎಣ್ಣೆ ಬದಲಿಸಿದ ದಿನ

ಮೊನ್ನೆ ಅಳಿಯ ತನ್ನ ಹಳೇ ಆಟೋಮ್ಯಾಟಿಕ್ ಕಾರಿನ ಗೇರಿನ ಎಣ್ಣೆ ಬದಲಿಸಲು ಗ್ಯಾರೇಜಿಗೆ ಹೊರಟಾಗ ನಾನೂ ಜೊತೆಗೆ ಹೋದೆ. ಮನೆಯಲ್ಲಿ ಕೂತು ಮಾಡುವುದಾದರೂ ಏನು... ಕಾರನ್ನು ಮೇಲೆತ್ತಿ, ಕೆಳಗೊಂದು ಅಗಲದ ತಟ್ಟೆ ಇಟ್ಟು, ಬಿರಡೆ ಬಿಚ್ಚಿದರು. ಬಿಸಿ ಎಣ್ಣೆ ದಪ್ಪಗೆ ಸುರಿಯಿತು. ಹೊಸದಾಗಿದ್ದಾಗ ದಾಳಿಂಬೆ ರಸದ ಹಾಗೆ ಕೆಂಪಗಿರುವ ಎಣ್ಣೆ ಅದು, ಓಡಿ ಓಡಿ ಕಂದು ಬಣ್ಣಕ್ಕೆ ತಿರುಗಿತ್ತು. ಸೀದ ವಾಸನೆ, ಅದರೊಳಗೆ ಸ್ವಲ್ಪ ಸಿಹಿ. ನಾನು ಎದ್ದು ಹೊರಗೆ ಬಂದೆ.

"ಯಾಕ್ ಮಾವ, ಬಿಸಿಲಾಗೆ ನಿಂತ್ರಿ?" ಎಂದು ಅಳಿಯ ಕೇಳಿದ. "ಎಣ್ಣೆ ವಾಸನೆ ಆಗಲ್ಲಪ್ಪ" ಎಂದೆ. ಮೂವತ್ತು ವರ್ಷ ಗಾಡಿ ಓಡಿಸಿ ಹೊಟ್ಟೆ ಹೊರೆದವನು ಎಣ್ಣೆ ವಾಸನೆ ಆಗಲ್ಲ ಎಂದರೆ ಯಾರು ನಂಬುತ್ತಾರೆ? ಅವನು ಒಳ್ಳೆಯವನು, ನಂಬಿದವನಂತೆ ಒಳಗೆ ಹೋದ.

ಆ ವಾಸನೆಯಲ್ಲಿ ನನಗೊಬ್ಬ ಮನುಷ್ಯ ಕಾಣಿಸುತ್ತಾನೆ. ಹರಿಹರದಲ್ಲಿ ಹೊಳೆಯ ಕಡೆ ಹೋಗುವ ರಸ್ತೆಯಲ್ಲಿ ತಗಡಿನ ಶೆಡ್ಡು ಹಾಕಿಕೊಂಡಿದ್ದ ಕಾರು ಮೇಸ್ತ್ರಿ. ನಾನು ಅವರನ್ನು ಮೇಸ್ತ್ರಿ ಎಂದೇ ಕರೆದವನು, ಇಲ್ಲಿಯೂ ಹಾಗೇ ಕರೆಯುತ್ತೇನೆ. ಹತ್ತಿರದ ಸಾರಥಿ ಎಂಬ ಹಳ್ಳಿಯ ರೈತರ ಮನೆಯವರು. ಎರಡನೇ ಮಹಾಯುದ್ಧದ ಕಾಲದಲ್ಲಿ ಮಿಲಿಟರಿ ಸೇರಿ, ಅಲ್ಲಿನ ವರ್ಕ್‌ಶಾಪಿನಲ್ಲಿ ಕೆಲಸ ಕಲಿತು ಬಂದಿದ್ದರು. ಅಣ್ಣ ತಮ್ಮಂದಿರು ಭತ್ತ ನಾಟಿ ಮಾಡುತ್ತಿದ್ದರೆ ಇವರು ಎಂಜಿನ್ನಿನ ಕೆಳಗೆ ಮಲಗಿರುತ್ತಿದ್ದರು. ಕೆಲಸ ಮುಗಿದ ಮೇಲೆ ಉಗುರಿನ ಸಂದಿಯನ್ನು ಸೀಮೆಎಣ್ಣೆಯಲ್ಲಿ ತಿಕ್ಕಿ ತೊಳೆಯದೆ ಊಟಕ್ಕೆ ಕೂರುವವರಲ್ಲ.

ಆಗ ನಾನು ದಾವಣಗೆರೆಯ ಒಬ್ಬ ಹತ್ತಿ ಸಾಹುಕಾರರ ಮನೆಯ ಡ್ರೈವರ್. ನನ್ನ ಊರು ಆನಗೋಡು. ಅದಕ್ಕೆ ಮುಂಚೆ ಐದು ವರ್ಷ ಬಸ್ಸು ಓಡಿಸಿದ್ದೆ, ಆ ಬಸ್ಸಿನ ಕ್ಲಚ್ಚು ತುಳಿದು ತುಳಿದು ಎಡಗಾಲಿನ ಮೀನಖಂಡ ಬಲಗಾಲಿಗಿಂತ ದಪ್ಪವಾಗಿತ್ತು. ಸಾಹುಕಾರರು ಬೊಂಬಾಯಿಯಿಂದ ಒಂದು ಹಳೇ ಅಮೆರಿಕದ ಕಾರು ತರಿಸಿದರು. ಮಂಚದಷ್ಟು ಅಗಲ, ಹಸಿರು ಬಣ್ಣ. ಅದರಲ್ಲಿ ಕ್ಲಚ್ಚೇ ಇರಲಿಲ್ಲ. ಗೇರು ತಾನೇ ಬೀಳುತ್ತಿತ್ತು. ಕಾಲಿನ ಹತ್ತಿರ ಎರಡೇ ಪೆಡಲು, ಒಂದು ಆಕ್ಸಿಲರೇಟರ್, ಇನ್ನೊಂದು ಬ್ರೇಕು. ಬ್ರೇಕು ಎಷ್ಟು ಅಗಲ ಎಂದರೆ ಎರಡೂ ಕಾಲು ಒಟ್ಟಿಗೆ ಇಡಬಹುದಿತ್ತು.

ಮೊದಲ ದಿನವೇ ನಾನು ಮಾನ ಕಳೆದುಕೊಂಡೆ. ಮಂಡಿಪೇಟೆಯಲ್ಲಿ, ನಾಲ್ಕು ಜನರ ಎದುರಿಗೆ, ಕ್ಲಚ್ಚು ಎಂದುಕೊಂಡು ಎಡಗಾಲಿನಿಂದ ಬ್ರೇಕನ್ನು ಒದ್ದೆ. ಹಿಂದಿನ ಸೀಟಿನಲ್ಲಿದ್ದ ಸಾಹುಕಾರರ ಪೇಟ ಮುಂದಿನ ಸೀಟಿಗೆ ಬಂದು ಬಿತ್ತು. ಅವರು ಬಯ್ಯಲಿಲ್ಲ. "ಹರಿಹರದ ಮೇಸ್ತ್ರಿ ಹತ್ರ ಹೋಗಿ ಕಲ್ತು ಬಾ. ಬರಲಿಲ್ಲ ಅಂದ್ರೆ ಬ್ಯಾರೆಯವನನ್ನ ನೋಡ್ಕಂತೀನಿ" ಎಂದರು ಅಷ್ಟೇ.

ಮೇಸ್ತ್ರಿ ನನಗೆ ಕಲಿಸಿದ ರೀತಿಯನ್ನು ಹೇಳಿದರೆ ಈಗಿನವರು ನಕ್ಕಾರು. ಕಾರಿನಲ್ಲಿ ಕೂರಿಸಿ, ತಮ್ಮ ಹೆಗಲ ಮೇಲಿನ ಟವೆಲ್ಲಿನಿಂದ ನನ್ನ ಎಡಗಾಲನ್ನು ಸೀಟಿನ ಕಬ್ಬಿಣಕ್ಕೆ ಕಟ್ಟಿಬಿಟ್ಟರು. "ಕುರಿ ಕಟ್ಟಿದಂಗೆ ಕಟ್ಟಿದ್ರಲ್ರೀ" ಎಂದೆ.

"ತಲಿಗೆ ಹೇಳಿದ್ರೆ ತಿಳೀತೈತೆ ತಮ್ಮ, ಕಾಲಿಗೆ ತಿಳಿಯಲ್ಲ. ಅದಕ್ಕೆ ಕಟ್ಟೇ ಕಲಿಸ್ಬೇಕು" ಎಂದರು.

ಹದಿನೈದು ದಿನ ಕಾಲು ಕಟ್ಟಿಸಿಕೊಂಡು ಹೊಳೆಯ ಸೇತುವೆಯ ಮೇಲೆ ಆಚೆಗೂ ಈಚೆಗೂ ಓಡಿಸಿದೆ. ಆಮೇಲೆ ಬಿಚ್ಚಿದರು. ಕಾಲು ಕಲಿತಿದೆ ಎಂದು ಅವರೂ ತಿಳಿದರು, ನಾನೂ ತಿಳಿದೆ. ಸಾಹುಕಾರರು ಹಿಂದೆ ಕೂತು ಗೊರಕೆ ಹೊಡೆಯುವಷ್ಟು ನಯವಾಗಿ ಓಡಿಸತೊಡಗಿದೆ. ನನ್ನ ಜಂಬ ಹೇಳತೀರದು. ದಾವಣಗೆರೆಗೆಲ್ಲ ಆ ಗಾಡಿ ಓಡಿಸಬಲ್ಲವನು ನಾನೊಬ್ಬನೇ ಎಂದು ಎಲೆಯಡಿಕೆ ಅಂಗಡಿಯ ಮುಂದೆ ನಿಂತು ಎಷ್ಟು ಸಲ ಕೊಚ್ಚಿಕೊಂಡಿದ್ದೇನೋ.

ಒಂದು ವರ್ಷದ ಮೇಲೆ ಕಾರು ಹೊರಡುವಾಗ ಜಗ್ಗತೊಡಗಿತು. ಮೇಸ್ತ್ರಿ ಬಾನೆಟ್ಟು ಎತ್ತಿ, ಗೇರಿನ ಎಣ್ಣೆಯ ಅಳತೆ ಕಡ್ಡಿಯನ್ನು ಎಳೆದು, ಬಿಳಿ ಬಟ್ಟೆಗೆ ಒರೆಸಿ ಮೂಸಿದರು. ಯಾರೋ ಹಿಂದೆ ಎಂಜಿನ್ನಿಗೆ ಹಾಕುವ ಎಣ್ಣೆಯನ್ನೇ ಇದಕ್ಕೂ ಸುರಿದಿದ್ದಾರೆ, ಎಲ್ಲ ತೆಗೆದು ಅದರದೇ ಕೆಂಪೆಣ್ಣೆ ಹಾಕಬೇಕು ಎಂದರು. ಬೊಂಬಾಯಿಯಿಂದ ರೈಲಿನಲ್ಲಿ ಡಬ್ಬಿಗಳು ಬರಲು ತಿಂಗಳು ಹಿಡಿಯಿತು. ಬಂದ ಮರುದಿನ ಬೆಳಿಗ್ಗೆ ಕಾರನ್ನು ಹರಿಹರಕ್ಕೆ ಒಯ್ದೆ.

ಎಣ್ಣೆ ಬಿಸಿಯಿದ್ದಾಗಲೇ ಇಳಿಸಬೇಕು, ಆಗಲೇ ಕೊಳೆಯೂ ಬರುತ್ತದೆ ಎಂದು ಮೇಸ್ತ್ರಿ ಕಾರಿನ ಕೆಳಗೆ ಹೋದರು. ಮೊಣಕೈ ಮೇಲೆ ಬಿಸಿ ಎಣ್ಣೆ ಬಿದ್ದು ಚರ್ಮ ಕೆಂಪಾದರೂ ಹಾ ಎನ್ನಲಿಲ್ಲ. ಎಲ್ಲ ಇಳಿದ ಮೇಲೆ ಬಿರಡೆ ಬಿಗಿದು, ಉದ್ದ ಕೊಳವೆಯಿಂದ ಹೊಸ ಎಣ್ಣೆ ಹುಯ್ದರು. ಧೂಳು ಒಂದು ಕಣವೂ ಬೀಳಬಾರದೆಂದು ಕಾರನ್ನು ರಸ್ತೆಗೆ ಬೆನ್ನಾಗಿ, ಮೂತಿ ಶೆಡ್ಡಿನ ಹಿಂದಿನ ಕಲ್ಲಿನ ಗೋಡೆಯ ಕಡೆಗಿರುವಂತೆ ನಿಲ್ಲಿಸಿದ್ದರು. ಗೋಡೆಗೂ ಕಾರಿಗೂ ನಡುವೆ ಒಬ್ಬ ಮನುಷ್ಯ ನಿಲ್ಲುವಷ್ಟು ಜಾಗ.

ಆ ಎಣ್ಣೆಯ ಅಳತೆಯನ್ನು ಎಂಜಿನ್ ಓಡುತ್ತಿರುವಾಗಲೇ ನೋಡಬೇಕು. ಅದಕ್ಕೂ ಮೊದಲು ಗೇರಿನ ಹಿಡಿಯನ್ನು ಒಂದೊಂದೇ ಮನೆಗೆ ಸರಿಸುತ್ತ ಹೋಗಬೇಕು, ಆಗ ಎಣ್ಣೆ ಎಲ್ಲ ಕಡೆಗೂ ಹರಿಯುತ್ತದೆ. ನಾನು ಸ್ಟಿಯರಿಂಗ್ ಮುಂದೆ ಕೂತೆ. ಮೇಸ್ತ್ರಿ ಗೋಡೆಗೆ ಬೆನ್ನು ಕೊಟ್ಟು ಎಂಜಿನ್ನಿನ ಮೇಲೆ ಬಗ್ಗಿ ನಿಂತರು. ಆಮೇಲೆ ಏನೋ ನೆನಪಾದವರಂತೆ ತಲೆ ಎತ್ತಿ, "ಟವೆಲ್ ಕಟ್ಕಂತೀಯೇನು?" ಎಂದು ಕೇಳಿದರು.

"ನಾನೇನ್ ಇನ್ನೂ ಕಲಿಯಾಕೆ ಬಂದವನೇನ್ರಿ ಮೇಸ್ತ್ರಿ?" ಎಂದೆ.

ಅವರು ನಕ್ಕರು. ಟವೆಲ್ಲನ್ನು ಮತ್ತೆ ಹೆಗಲಿಗೆ ಹಾಕಿಕೊಂಡು ಬಗ್ಗಿದರು.

ರಸ್ತೆಯಲ್ಲಿ ಆ ಗೇರಿನ ಹಿಡಿಯನ್ನು ಒಂದು ಸಲ ಸರಿಸಿದರೆ ಮುಗಿಯಿತು, ಆಮೇಲೆ ಮುಟ್ಟುವ ಕೆಲಸವಿಲ್ಲ. ಅವತ್ತು ಮೇಲಿಂದ ಮೇಲೆ ಸರಿಸಬೇಕಾಗಿತ್ತು, ಬಸ್ಸಿನಲ್ಲಿ ಗೇರು ಬದಲಿಸಿದ ಹಾಗೆ. ಬಲಗಾಲು ಬ್ರೇಕಿನ ಮೇಲಿತ್ತು. "ಹಿಂದಕ್ಕೆ" ಎಂದರು, ಸರಿಸಿದೆ. "ನ್ಯೂಟ್ರಲ್" ಎಂದರು, ಸರಿಸಿದೆ. ಅಷ್ಟರಲ್ಲಿ ನನ್ನ ಎಡಗಾಲು ಎದ್ದು ಬಂದು ಬ್ರೇಕಿನ ಪೆಡಲಿನ ಮೇಲೆ ಕೂತಿತ್ತು, ನನಗೇ ತಿಳಿಯದ ಹಾಗೆ. ಎಡಗಾಲು ಬಂತೆಂದು ಬಲಗಾಲು ತನ್ನ ಹಳೇ ಜಾಗಕ್ಕೆ, ಆಕ್ಸಿಲರೇಟರಿಗೆ ಹೋಯಿತು. "ಮುಂದಕ್ಕೆ" ಎಂದರು. ಸರಿಸಿದೆ. ಐದು ವರ್ಷ ಬಸ್ಸಿನಲ್ಲಿ ದಿನಕ್ಕೆ ಸಾವಿರ ಸಲ ಮಾಡಿದ್ದನ್ನೇ ಮತ್ತೆ ಮಾಡಿದೆ. ಎಡಗಾಲನ್ನು ಮೆಲ್ಲಗೆ ಎತ್ತಿದೆ, ಬಲಗಾಲನ್ನು ಮೆಲ್ಲಗೆ ಒತ್ತಿದೆ.

ಕಾರು ಹಾರಿತು... ಮೇಸ್ತ್ರಿ ಕೂಗಲಿಲ್ಲ. ಗೋಡೆಯ ಒಂದು ಕಲ್ಲು ಆಚೆ ಬದಿಗೆ ಬಿದ್ದ ಸದ್ದು ಮಾತ್ರ ಕೇಳಿತು.

ಯಾರ್‍ಯಾರೋ ಓಡಿ ಬಂದು ಕಾರನ್ನು ಹಿಂದಕ್ಕೆ ನೂಕಿದರು. ಮೇಸ್ತ್ರಿಯನ್ನು ಒಂದು ಲಾರಿಯಲ್ಲಿ ಹುಲ್ಲಿನ ಮೇಲೆ ಮಲಗಿಸಿ ದಾವಣಗೆರೆಯ ಆಸ್ಪತ್ರೆಗೆ ಒಯ್ದೆವು. ಸೊಂಟದಿಂದ ಕೆಳಗೆ ಎರಡೂ ಕಾಲು ನಜ್ಜುಗುಜ್ಜಾಗಿದ್ದವು. ಸಂಜೆಗೆ ಎಚ್ಚರ ಬಂತು. ಸಾಹುಕಾರರು ಬಂದರು, ಹೇಳಿಕೆ ಬರೆದುಕೊಳ್ಳಲು ಪೊಲೀಸರೂ ಬಂದರು. ನಾನು ಮಂಚದ ಕಾಲ ಬಳಿ ನಿಂತಿದ್ದೆ. ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಮೇಸ್ತ್ರಿಯೇ ಹೇಳಿದರು.

"ಎಂಜಿನ್ ಮ್ಯಾಲಿರೋ ಆಕ್ಸಿಲರೇಟರ್ ಕಡ್ಡೀನ ನಾನೇ ಕೈಯಾಗೆ ಎಳೆದೆ ಸ್ವಾಮಿ. ಗಾಡಿ ಗೇರಿನಾಗೈತೆ ಅನ್ನೋದು ಮರೆತೆ. ಡ್ರೈವರ್‌ದು ಏನೂ ತಪ್ಪಿಲ್ಲ."

ಪೊಲೀಸರು ಬರೆದುಕೊಂಡು ಹೋದರು. ಸಾಹುಕಾರರು ಲೊಚಗುಟ್ಟುತ್ತ ಹೊರಗೆ ನಡೆದರು. ನಾನು ಮೇಸ್ತ್ರಿಯ ಕೈ ಹಿಡಿದುಕೊಂಡು ಅತ್ತೆ. ಅವರಿಗೆ ಮಾತಾಡಲು ಉಸಿರು ಸಾಲುತ್ತಿರಲಿಲ್ಲ.

"ಈಗ ಹೇಳಿದ್ರೆ ನಿನ್ನ ಲೈಸೆನ್ಸ್ ಹೋಗ್ತೈತೆ. ಹೆಂಡ್ತಿ ಬಸುರಿ ಅದಾಳೆ. ಸುಮ್ನಿರು. ನಾನು ಎದ್ದು ಓಡಾಡಂಗ ಆಗ್ಲಿ, ಇಬ್ಬರೂ ಕೂಡಿ ಹೇಳಾಣ" ಎಂದರು. ಆಮೇಲೆ, "ನಾನೇ ಕಾಲು ಕಟ್ಟಬೇಕಿತ್ತು" ಎಂದರು.

ಅವರು ಏಳಲಿಲ್ಲ. ನಾಲ್ಕನೆಯ ದಿನ ಹೋದರು. ಇಬ್ಬರೂ ಕೂಡಿ ಹೇಳಬೇಕಾದ ಮಾತು ನನ್ನೊಬ್ಬನ ಪಾಲಿಗೆ ಉಳಿಯಿತು.

ಸಾರಥಿಯಲ್ಲಿ ಮಣ್ಣಾದ ದಿನ ಹೇಳಬೇಕೆಂದುಕೊಂಡೆ, ಜನ ಬಹಳ ಇದ್ದರು. ಮೂರನೆಯ ದಿನ ಹೇಳೋಣ ಎಂದುಕೊಂಡೆ. ಮಗು ಹುಟ್ಟಲಿ ಎಂದುಕೊಂಡೆ. ಮಗು ಹುಟ್ಟಿತು, ನಡೆಯಿತು, ಶಾಲೆಗೂ ಹೋಯಿತು. ಹೇಡಿಗೆ ಮುಹೂರ್ತ ಕೂಡಿಬರುವುದೇ ಇಲ್ಲ.

ಅಷ್ಟರಲ್ಲಿ ಅವರ ಹೆಸರು ಮಣ್ಣುಪಾಲಾಗಿತ್ತು. "ಮಿಲಿಟರಿ ಮೇಸ್ತ್ರಿಯಂತೆ, ಗೇರಿನಾಗಿರೋ ಗಾಡಿಗೆ ಯಾವನಾದ್ರೂ ಕಡ್ಡಿ ಎಳೀತಾನೇನು?" ಎಂದು ಹರಿಹರದ ಹೋಟೆಲುಗಳಲ್ಲಿ ಆಡಿಕೊಂಡರು. ಅವರ ಕೈಕೆಳಗೇ ಕೆಲಸ ಕಲಿತಿದ್ದ ತಮ್ಮ ಶೆಡ್ಡು ನಡೆಸಲು ನೋಡಿದ. ಅಣ್ಣನಿಗೇ ಬಾರದ ಕೆಲಸ ತಮ್ಮನಿಗೆ ಬಂದೀತೆ ಎಂದು ಒಂದು ಗಾಡಿಯೂ ಬರಲಿಲ್ಲ. ಆರು ತಿಂಗಳಲ್ಲಿ ಬಾಗಿಲು ಹಾಕಿ ಅವನು ಹೊಲಕ್ಕೆ ಹಿಂತಿರುಗಿದ. ಕುಕ್ಕುವಾಡದ ಕಡೆಯವರಾದ ಮೇಸ್ತ್ರಿಯ ಹೆಂಡತಿ ಎರಡು ಹೆಣ್ಣುಮಕ್ಕಳನ್ನು ಕರೆದುಕೊಂಡು ದಾವಣಗೆರೆಗೆ ಬಂದು ಮಂಡಕ್ಕಿ ಹುರಿಯುವ ಭಟ್ಟಿಯಲ್ಲಿ ಕೆಲಸಕ್ಕೆ ಸೇರಿದರು. ನಾನು ಆ ಕಾರನ್ನು ಆ ಬೀದಿಯಲ್ಲಿ ಒಯ್ಯುತ್ತಿರಲಿಲ್ಲ. ಸಾಹುಕಾರರು ಮಾತ್ರ ಹೊಸದಾಗಿ ಕಾರು ಹತ್ತಿದ ಅತಿಥಿಗಳಿಗೆಲ್ಲ ಆ ಕತೆ ಹೇಳುತ್ತಿದ್ದರು, "ತನ್ನ ಕೈಯಾರೆ ತಾನೇ ಮಾಡ್ಕಂಡ ನೋಡ್ರಿ" ಎಂದು. ನಾನು ಮುಂದೆ ಕೂತು, ಎಡಗಾಲನ್ನು ಸೀಟಿನ ಕೆಳಗೆ ಒತ್ತಿಟ್ಟುಕೊಂಡು, ರಸ್ತೆ ನೋಡುತ್ತಿದ್ದೆ. ಒಂಬತ್ತು ವರ್ಷ ಹಾಗೆ ನೋಡಿದೆ.

ಸಾಹುಕಾರರು ತೀರಿಕೊಂಡು, ಕಾರು ಮಾರಿಹೋಗಿ, ನನ್ನ ಕೆಲಸಕ್ಕೆ ಯಾರಿಂದಲೂ ಅಪಾಯವಿಲ್ಲ ಎಂದಾದ ಮೇಲೆ ನನಗೆ ಧೈರ್ಯ ಬಂತು. ಧೈರ್ಯ ಎನ್ನಲು ಈಗ ನಾಚಿಕೆಯಾಗುತ್ತದೆ. ಒಂದು ಮಧ್ಯಾಹ್ನ ಭಟ್ಟಿಗೆ ಹೋದೆ. ಹೊಗೆಯಲ್ಲಿ ಮೇಸ್ತ್ರಿಯ ಹೆಂಡತಿಯನ್ನು ಗುರುತಿಸುವುದೇ ಕಷ್ಟವಾಯಿತು. ಹೊರಗೆ ಕರೆದು, ಗೋಡೆಯ ಮರೆಯಲ್ಲಿ ನಿಂತು, "ಅಕ್ಕಾ, ಕಡ್ಡಿ ಎಳೆದಿದ್ದು ಮೇಸ್ತ್ರಿ ಅಲ್ಲ. ಕಾಲು ತಪ್ಪಿದ್ದು ನಂದು" ಎಂದೆ.

ಆಕೆ ಸೆರಗಿನಿಂದ ಮುಖದ ಬೂದಿ ಒರೆಸಿಕೊಂಡರು. ಅಳಲಿಲ್ಲ, ಬೆರಗಾಗಲೂ ಇಲ್ಲ.

"ಅವತ್ತು ರಾತ್ರೀನೇ ಹೇಳಿದ್ರಪ್ಪ ನಂಗೆ. ಹುಡುಗ ತಾನಾಗೇ ಬಂದು ನಾಲ್ಕು ಜನದಾಗೆ ಹೇಳ್ತಾನೆ, ನೀನು ಬಾಯಿ ಬಿಡಬ್ಯಾಡ ಅಂದಿದ್ರು. ನಾನೂ ಕಾಯ್ತಾ ಕುಂತೆ. ನನ್ನ ಮುಂದೆ ಹೇಳಿ ಏನ್ ಮಾಡ್ತೀಯ? ನಂಗೆ ಗೊತ್ತಿತ್ತಲ್ಲ. ಬಜಾರದಾಗೆ ಹೇಳು ಹೋಗು."

ಹೇಳಿ ಒಳಗೆ ಹೋದರು. ನಾನು ಬಜಾರಕ್ಕೆ ಹೋಗಲಿಲ್ಲ. ಮನೆಗೆ ಹೋದೆ.

ಆಕೆ ಹೋಗಿ ಬಹಳ ವರ್ಷಗಳಾದವು. ಹೆಣ್ಣುಮಕ್ಕಳು ಮದುವೆಯಾಗಿ ಎಲ್ಲಿಗೆ ಹೋದರೋ, ವಿಚಾರಿಸಲು ನನಗೆ ಮುಖವಿರಲಿಲ್ಲ. ಮೊನ್ನೆ ಗ್ಯಾರೇಜಿನಿಂದ ಹೊರಟಾಗ ಅಳಿಯನಿಗೆ ಹರಿಹರಕ್ಕೆ ಬಿಡು ಎಂದೆ. ಶೆಡ್ಡು ಇದ್ದ ಜಾಗದಲ್ಲಿ ಮೊಬೈಲ್ ಫೋನಿನ ಅಂಗಡಿ. ಒಳಗೆ ಹೋಗಿ, ಅಲ್ಲಿದ್ದವನ ಮುಂದೆ, ಅಳಿಯನ ಮುಂದೆ, ಗಿರಾಕಿಗಳ ಮುಂದೆ ಎಲ್ಲವನ್ನೂ ಹೇಳಿದೆ. ಇಲ್ಲೊಬ್ಬರು ಮೇಸ್ತ್ರಿ ಇದ್ದರು, ಅವರು ಕಡ್ಡಿ ಮುಟ್ಟಲಿಲ್ಲ, ಅವರ ಕೆಲಸದಲ್ಲಿ ತಪ್ಪಿರಲಿಲ್ಲ, ಅವರನ್ನು ಕೊಂದವನು ನಾನು ಎಂದೆ. ಅಳಿಯ ಬೆವರಿದ. ಅಂಗಡಿಯವನು ಮರ್ಯಾದಸ್ಥ, ಸ್ಟೂಲು ಹಾಕಿ ನೀರು ಕೊಟ್ಟ.

"ಯಾವ ಮೇಸ್ತ್ರಿ ಅಜ್ಜಾ? ಇಲ್ಲಿ ಗ್ಯಾರೇಜಿತ್ತಾ?" ಎಂದ.

ನಾನು ಅವರ ಹೆಸರು ಹೇಳಿದೆ. ಅವನು ಅಲ್ಲಿದ್ದವರ ಮುಖ ನೋಡಿದ, ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರಿಗೂ ಗೊತ್ತಿರಲಿಲ್ಲ. ಕೆಟ್ಟ ಹೆಸರನ್ನಾದರೂ ನೆನಪಿಟ್ಟುಕೊಂಡವರು ಒಬ್ಬರು ಉಳಿದಿದ್ದರೆ ನಾನು ಅದನ್ನು ತೊಳೆಯಬಹುದಿತ್ತು.