ಕೊಸರಿನ ತೂಕ

2025ರ ಏಪ್ರಿಲ್ 24ರಂದು ಪಾಕಿಸ್ತಾನವು ಭಾರತದ ವಿಮಾನ ಕಂಪನಿಗಳಿಗೆ ತನ್ನ ವಾಯುಪ್ರದೇಶವನ್ನು ಮುಚ್ಚಿತು. ನಮ್ಮ ಪತ್ರಿಕೆಯ ವಾಣಿಜ್ಯ ಪುಟಕ್ಕೆ ಅದರ ಪರಿಣಾಮದ ಬಗ್ಗೆ ಬರೆದವನು ನಾನು. ಉತ್ತರ ಭಾರತದಿಂದ ಪಶ್ಚಿಮಕ್ಕೆ ಹೋಗುವ ವಿಮಾನಗಳು ಸುತ್ತಿ ಹೋಗಬೇಕು. ಸುತ್ತಿದಷ್ಟೂ ಇಂಧನ ಹೆಚ್ಚು ಬೇಕು. ಆ ಇಂಧನಕ್ಕೂ ತೂಕವಿದೆ, ಅದನ್ನು ಹೊರಲು ಮತ್ತಷ್ಟು ಇಂಧನ ಬೇಕು. ಕೊನೆಗೆ ಸರಕನ್ನೋ ಪ್ರಯಾಣಿಕರನ್ನೋ ಬಿಟ್ಟು ಹೋಗಬೇಕಾಗುತ್ತದೆ. ಪುಟದಲ್ಲಿ ಅದು ಒಂದು ಕಾಲಂ ಸುದ್ದಿಯಾಗಿತ್ತು.

ಬೆಂಗಳೂರಿನ ಪೀಣ್ಯದಲ್ಲಿ ನನ್ನ ಅಕ್ಕನದೊಂದು ಮಷೀನ್ ಷಾಪ್ ಇದೆ. ಅವಳ ಮನೆ ಇರುವುದು ಪಕ್ಕದ ರಾಜಗೋಪಾಲನಗರದಲ್ಲಿ. ಹಲವು ವರ್ಷ ಅವಳು ನೀರಿನ ಪಂಪುಗಳಿಗೆ, ಮೋಟಾರಿಗೆ ಪಂಪನ್ನು ಜೋಡಿಸುವ ಕಪ್ಲಿಂಗ್ ಮಾಡಿಕೊಡುತ್ತಿದ್ದಳು. ಆಮೇಲೆ ಪಂಪಿನ ಗಿರಾಕಿಗಳನ್ನೆಲ್ಲ ಬಿಟ್ಟು, ಎರಡು ಹೊಸ ಮಷೀನ್ ಹಾಕಿ, ಒಂದೇ ಒಂದು ವಸ್ತುವಿಗೆ ನಿಂತಳು. ಅದು ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಅಲ್ಯೂಮಿನಿಯಂ ಬ್ರಾಕೆಟ್. ದೂರ ಹಾರುವ ವಿಮಾನದ ಸೀಟಿನಲ್ಲಿ ಕೈ ಊರುವ ಪಟ್ಟಿಯನ್ನು ಕೆಳಗಿನಿಂದ ಹಿಡಿದಿಡುವುದು ಅದೇ. ಕೊಳ್ಳುವವರು ವೈಟ್‌ಫೀಲ್ಡ್ ಕಡೆಯ ಒಂದು ಸೀಟು ಕಂಪನಿ. ಅವರಿಂದ ಅದು ವಿಮಾನ ಕಂಪನಿಗೆ ಹೋಗುತ್ತದೆ.

ಆ ಮಳೆಗಾಲದಲ್ಲಿ, ಒಟ್ಟಾಗಿ ಕಳಿಸಿದ ಬ್ರಾಕೆಟ್‌ಗಳ ಮೊದಲ ಲಾಟ್ ವಾಪಸು ಬಂತು. ಅವತ್ತು ನಾನು ಅಲ್ಲಿದ್ದೆ. ಅಕ್ಕನ ಮನೆಯಲ್ಲಿ ತಿಂಡಿ ತಿಂದು ಅವಳ ಸ್ಕೂಟರಿನ ಹಿಂದೆ ಕೂತು ಬಂದಿದ್ದೆ, ಅಷ್ಟೆ. ಟೆಂಪೋದಿಂದ ಪೆಟ್ಟಿಗೆ ಇಳಿಯುತ್ತಿದ್ದವು. ಸೀಟು ಕಂಪನಿಯ ಗುಣಮಟ್ಟ ವಿಭಾಗದ ಅಧಿಕಾರಿ ಕೊಡೆ ಮಡಿಸುತ್ತ ಒಳಗೆ ಬಂದರು.

"ಮೇಡಂ, ಪೀಸೆಲ್ಲ ಓಕೆ. ಲಾಟ್ ಓಕೆ ಇಲ್ಲ."

"ಹಂಗಂದ್ರೇನ್ ಸಾರ್? ಮಕ್ಕಳೆಲ್ಲ ಪಾಸು, ಕ್ಲಾಸು ಫೇಲಾ?" ಎಂದಳು ಅಕ್ಕ.

"ತೂಕ ಮೇಡಂ. ಒಂದೊಂದೂ ಲಿಮಿಟ್ ಒಳಗೇ ಇದೆ. ಆದ್ರೆ ಎಲ್ಲಾ ಪ್ಲಸ್ ಕಡೇನೇ ಇದೆ, ಮೈನಸ್ ಕಡೆ ಒಂದೇ ಒಂದಿಲ್ಲ. ಒಟ್ಟಿಗೆ ಇಟ್ಟು ತೂಗಿದ್ರೆ ಭಾರ ಬರ್ತಿದೆ."

ನಕ್ಷೆಯಲ್ಲಿ ಪ್ರತಿ ಅಳತೆಗೂ ಇಷ್ಟು ಹೆಚ್ಚಾದರೂ ನಡೆದೀತು, ಇಷ್ಟು ಕಡಿಮೆಯಾದರೂ ನಡೆದೀತು ಎಂಬ ಅವಕಾಶ ಇರುತ್ತದೆ. ಅಕ್ಕ ಮೇಸ್ತ್ರಿಯ ಕಡೆ ತಿರುಗಿದಳು. ಷಾಪ್ ಶುರುವಾದಾಗಿನಿಂದ ಮಷೀನ್‌ಗಳಿಗೆ ಅಳತೆ ಕೂರಿಸುವವರು ಅವರೇ.

"ಕೊಸರು ಬಿಟ್ಟಿದ್ದೆ ಅಕ್ಕೋರೆ," ಎಂದರು ಮೇಸ್ತ್ರಿ, ಕೈ ಒರೆಸಿಕೊಳ್ಳುತ್ತ. "ಯಾವಾಗ್ಲೂ ಬಿಡಾಂಗೆ."

ತರಕಾರಿ ತೂಗಿದ ಮೇಲೆ ಅಂಗಡಿಯವರು ಚೀಲಕ್ಕೆ ಹಾಕುವ ಒಂದು ಹಿಡಿ ಕರಿಬೇವು ಕೊಸರು. ಮೇಸ್ತ್ರಿಯ ಬಾಯಲ್ಲಿ ಅದು ಲೋಹದ ಮೇಲೆ ಬಿಟ್ಟ ಕೂದಲೆಳೆಯಷ್ಟು ಹೆಚ್ಚಿನ ದಪ್ಪ. ಹೆಚ್ಚಿದ್ದರೆ ಕೊರೆಯಬಹುದು, ಕಡಿಮೆಯಾದರೆ ಅಂಟಿಸಲಾಗದು. ಪಂಪಿನವರು ಆ ಭಾರವನ್ನು ಕೈಯಲ್ಲಿ ತೂಗಿ ನೋಡಿ ಮೆಚ್ಚುತ್ತಿದ್ದರು. ಅಕ್ಕನಿಗೂ ಅದರಲ್ಲಿ ತಪ್ಪು ಕಂಡಿರಲಿಲ್ಲ. ದಾವಣಗೆರೆಯಲ್ಲಿ ನಮ್ಮ ತಂದೆಯದು ಕಿರಾಣಿ ಅಂಗಡಿ. ತಕ್ಕಡಿ ಗಿರಾಕಿಯ ಕಡೆ ಬಾಗದೆ ಅವರು ಪೊಟ್ಟಣ ಕಟ್ಟಿದವರಲ್ಲ.

"ವಿಮಾನದೋರಿಗೆ ಕೊಸರು ಬೇಡ ಮೇಡಂ," ಎಂದರು ಅಧಿಕಾರಿ. "ಸೀಟಿಗೆ ಅವ್ರು ಒಂದೇ ಸಲ ದುಡ್ಡು ಕೊಡೋದು. ಅದರ ತೂಕಕ್ಕೆ ದಿನಾ ಬಾಡಿಗೆ ಕಟ್ತಾರೆ, ಫ್ಯೂಯೆಲ್‌ನಲ್ಲಿ. ಸೀಟು ಖಾಲಿ ಹೋದ್ರೂ ಬಾಡಿಗೆ ತಪ್ಪಲ್ಲ. ನಿಮ್ಮ ಬ್ರಾಕೆಟ್ ಒಂದೇ ಅಲ್ಲ, ಬೆಲ್ಟು, ಟ್ರೇ, ಸ್ಕ್ರೂ ಎಲ್ಲಾ ಹಿಂಗೇ ಒಂದೊಂದು ಚೂರು ಜಾಸ್ತಿ ಬಂದ್ರೆ ವಿಮಾನ ಏನ್ ದುಡಿಯುತ್ತೆ ಹೇಳಿ."

"ನಾವು ಜಾಸ್ತಿ ಕೊಟ್ಟಿದೀವಿ ಸಾರ್. ಕದ್ದಿಲ್ಲ."

"ಸ್ವಲ್ಪ ಕದ್ದಿದ್ರೆ ಪಾಸಾಗ್ತಿತ್ತು ಮೇಡಂ."

ನಗಿಸಲೆಂದು ಹೇಳಿದ ಮಾತು. ಯಾರೂ ನಗಲಿಲ್ಲ.

ಇದು ವಾಯುಪ್ರದೇಶ ಮುಚ್ಚಿದ್ದರಿಂದ ಆಗಿದ್ದೇ ಎಂದು ನಾನು ಕೇಳಿದೆ. ಅಧಿಕಾರಿ ನನ್ನನ್ನು ನೋಡಿದರು.

"ನನ್ನ ತಮ್ಮ, ಪೇಪರ್‌ನೋನು. ಕೇಳೋದು ಅವನ ಚಟ ಸಾರ್, ಹೆದರ್ಕೋಬೇಡಿ," ಎಂದಳು ಅಕ್ಕ.

"ಅದನ್ನ ನಾನು ಹೇಳೋಕಾಗಲ್ಲ ಸಾರ್. ಲಿಮಿಟ್ ಮೊದ್ಲಿಂದ್ಲೂ ಇದೆ. ಮೊದ್ಲು ಯಾರೂ ಒಟ್ಟಿಗೆ ತೂಗ್ತಿರ್ಲಿಲ್ಲ. ಈಗ ತೂಗ್ತಿದಾರೆ."

ಆಮೇಲೆ ಅವರು ಬಂದ ವಿಷಯ ಹೇಳಿದರು. ಈ ಲಾಟ್ ಒಪ್ಪಿಗೆಯಾಗದಿದ್ದರೆ ಬ್ರಾಕೆಟ್ ಕೆಲಸ ಪೂರ್ತಿ ಕೊಯಮತ್ತೂರಿನ ಒಂದು ಷಾಪಿಗೆ ಹೋಗುತ್ತದೆ. ಅಕ್ಕ ಮಷೀನಿನ ಬಾಗಿಲಿನ ಮೇಲೆ ಕೈ ಇಟ್ಟು ನಿಂತಿದ್ದಳು. ಪಂಪಿನ ಕೆಲಸ ಆಗಲೇ ಬೇರೆಯವರ ಕೈ ಸೇರಿತ್ತು. ಹಿಂದಕ್ಕೆ ಹೋಗಲು ಅವಳಿಗೆ ಜಾಗ ಇರಲಿಲ್ಲ.

"ಸಾರ್, ಕೊಸರು ಐತಲ್ಲ, ತೆಗೀಬೋದು," ಎಂದರು ಮೇಸ್ತ್ರಿ. "ಮತ್ತೆ ಮಷೀನಿಗೆ ಹಾಕ್ತೀನಿ."

ಒಮ್ಮೆ ಮುಗಿದ ವಿಮಾನದ ಭಾಗವನ್ನು ಅನುಮತಿ ಇಲ್ಲದೆ ಮತ್ತೆ ಕೊರೆಯುವಂತಿಲ್ಲ. ಕೇಳಿ ನೋಡುತ್ತೇನೆಂದು ಅಧಿಕಾರಿ ಹೋದರು. ಅನುಮತಿ ಬಂತು.

ಎರಡನೇ ಸಲ ಕೊರೆಯುವುದು ಅಂದುಕೊಂಡಷ್ಟು ಸುಲಭವಾಗಲಿಲ್ಲ. ತೆಳುವಾದ ಗೋಡೆಯ ವಸ್ತು. ಬಿಗಿಯಾಗಿ ಹಿಡಿದರೆ ಬಾಗುತ್ತಿತ್ತು, ಸಡಿಲ ಬಿಟ್ಟರೆ ಅದುರುತ್ತಿತ್ತು. ಗುಜರಿ ಡಬ್ಬಿಗೆ ಬಿದ್ದವುಗಳನ್ನು ಅಕ್ಕ ಎತ್ತಿ ನೋಡಿ ಮತ್ತೆ ಅಲ್ಲೇ ಹಾಕುತ್ತಿದ್ದಳು. ಉಳಿದವುಗಳಲ್ಲೂ ಮೇಸ್ತ್ರಿ ಚೂರು ಕೊಸರು ಬಿಟ್ಟಿರುವುದು ಅವಳ ಅಳತೆಗೆ ಸಿಕ್ಕಿತು. ಮಷೀನ್ ನಿಲ್ಲಿಸಿದಳು.

"ಇನ್ನೂ ಬಿಡ್ತಿದೀರ."

"ಕೈ ಬರಲ್ಲ ಅಕ್ಕೋರೆ. ಜನ ಕೂತ್ಕಳೋ ಸೀಟು."

"ಜನ ಕೂರ್ತಾರೆ ಅಂತ ನಕ್ಷೆ ಬರೆದೋರಿಗೆ ಗೊತ್ತಿಲ್ವಾ? ಅಳತೆ ನಡುವಿಗೆ ಇಡಿ."

"ಮೈನಸ್ಸಿಗೆ ಹೋದ್ರೆ?"

"ಬೈತೀನಿ. ಬೈದು ಗುಜರಿಗೆ ಹಾಕ್ತೀನಿ. ಅವ್ರಿಗೆ ಮಾತ್ರ ಕಳ್ಸಲ್ಲ."

ಮೇಸ್ತ್ರಿ ಎದ್ದು ರಸ್ತೆಯಾಚೆಯ ಟೀ ಅಂಗಡಿಗೆ ಹೋದರು. ಅಕ್ಕ ಕರೆಯಲಿಲ್ಲ. ಮಳೆ ನಿಂತ ಮೇಲೆ ಅವರೇ ಬಂದರು. ಬಂದವರು ಮಷೀನಿನ ಪರದೆಯ ಮೇಲೆ ಅಳತೆಯನ್ನು ತಿದ್ದಿ, ಅಕ್ಕನನ್ನು ಕರೆದು ತೋರಿಸಿ, ಅವಳು ತಲೆಯಾಡಿಸಿದ ಮೇಲೆ ಗುಂಡಿ ಒತ್ತಿದರು.

ಉಳಿದ ಬ್ರಾಕೆಟ್‌ಗಳನ್ನು ಅಕ್ಕ ತಾನೇ ಟೆಂಪೋದ ಮುಂದಿನ ಸೀಟಿನಲ್ಲಿ ಕೂತು ವೈಟ್‌ಫೀಲ್ಡ್‌ಗೆ ಒಯ್ದಳು. ರಿಂಗ್ ರಸ್ತೆಯ ಜಾಮ್‌ನಿಂದ ಒಮ್ಮೆ ಫೋನ್ ಮಾಡಿದಳು.

"ಲಂಡನ್‌ಗೆ ವಿಮಾನ ಹೋದ್ರೂ ಹೋದೀತು, ಪೀಣ್ಯದಿಂದ ವೈಟ್‌ಫೀಲ್ಡ್ ತಲುಪಲ್ಲ ಕಣೋ," ಎಂದಳು. ಧ್ವನಿಯಲ್ಲಿ ತಮಾಷೆ ಇರಲಿಲ್ಲ.

ಅಲ್ಲಿ ಎಲ್ಲವನ್ನೂ ಒಟ್ಟಿಗೆ ಇಟ್ಟು ತೂಗಿದರು. ತೂಕ ಮಿತಿಯೊಳಗೆ ಬಂತು. ಲಾಟ್ ಒಪ್ಪಿಗೆಯಾಯಿತು.

ಆದರೆ ಇನ್ನು ಒಂದೇ ಷಾಪನ್ನು ನಂಬಿ ಕೂರುವುದಿಲ್ಲ ಎಂದರು ಸೀಟು ಕಂಪನಿಯವರು. ಮುಂದಿನ ಆರ್ಡರ್‌ನಲ್ಲಿ ಅರ್ಧ ಕೊಯಮತ್ತೂರಿಗೆ ಹೋಗಿದೆ, ಅರ್ಧ ಅಕ್ಕನಿಗೆ ಬಂದಿದೆ. ಪಾಕಿಸ್ತಾನ ವಾಯುಪ್ರದೇಶ ಮುಚ್ಚಿದ್ದಕ್ಕೆ ಭಾರತವೂ ಪ್ರತಿಯಾಗಿ ತನ್ನದನ್ನು ಮುಚ್ಚಿತ್ತು; ಆ ನಿರ್ಬಂಧವನ್ನು ಎರಡೂ ದೇಶಗಳು ತಿಂಗಳು ತಿಂಗಳಿಗೆ ಮುಂದುವರಿಸುತ್ತ ಬಂದಿವೆ. ಎರಡು ಹೊಸ ಮಷೀನ್‌ಗಳಲ್ಲಿ ಒಂದು ನಡೆಯುತ್ತಿದೆ. ಅದರ ಮುಂದೆ ಮೇಸ್ತ್ರಿ ನಿಲ್ಲುತ್ತಾರೆ. ಇನ್ನೊಂದಕ್ಕೆ ಹೊದಿಕೆ ಹಾಕಿದೆ.