ಇಬ್ಬರಿಗೂ ಒಂದೇ ಮುಚ್ಚಳಿಕೆ

ಕಳೆದ ಭಾನುವಾರ ನಮ್ಮ ಕ್ವಾರ್ಟರ್ಸ್‌ನ ಅಸೋಸಿಯೇಷನ್ ರೂಮಿನಲ್ಲಿ ಒಬ್ಬ ಗಂಡ ಮತ್ತು ಅವನ ಹೆಂಡತಿ ಮುಚ್ಚಳಿಕೆ ಬರೆದುಕೊಟ್ಟರು. ‘ಇನ್ನು ಮುಂದೆ ನಾವು ಒಬ್ಬರ ಮೇಲೊಬ್ಬರು ಕೈ ಮಾಡುವುದಿಲ್ಲ’ ಎಂದು. ಕೆಳಗೆ ಇಬ್ಬರ ರುಜು. ಅದರ ಕೆಳಗೆ ಸಾಕ್ಷಿಯ ರುಜು. ಸಾಕ್ಷಿ ಯಾರು ಅಂತೀರಾ? ನಾನೇ!

ನಗಬೇಡಿ. ವಿಷಯ ಕಿವಿಗೆ ಬಿದ್ದಾಗ ನಾನೂ ನಕ್ಕವಳೇ. ಈಗ ನಗು ಬರುತ್ತಿಲ್ಲ. ಅಳುವೂ ಬರುತ್ತಿಲ್ಲ. ತಲೆ ಮಾತ್ರ ಗಿರ್ರೆನ್ನುತ್ತಿದೆ.

ಮುಚ್ಚಳಿಕೆ ಕೊಟ್ಟವರು ನಮ್ಮ ಮೇಲಿನ ಮನೆಯವರು. ರಾಜಣ್ಣ ಫ್ಯಾಕ್ಟರಿಯಲ್ಲಿ ಮಿಲ್ಲಿಂಗ್ ಮೆಷಿನ್ ಆಪರೇಟರ್. ಹೆಂಡತಿ ಲಕ್ಷ್ಮಿ ಬೇಗೂರು ಕಡೆಯ ಬೇಸಾಯಗಾರರ ಮನೆ ಹುಡುಗಿ. ಪೀಣ್ಯದ ನಮ್ಮ ಕ್ವಾರ್ಟರ್ಸ್ ಹೇಗೆಂದರೆ, ಮೇಲೆ ಒಗ್ಗರಣೆ ಹಾಕಿದರೆ ಕೆಳಗೆ ನಮಗೆ ಸೀನು ಬರುತ್ತದೆ. ಹಾಗಾಗಿ ಅವರ ಜಗಳದಲ್ಲಿ ನಾವೂ ಪಾಲುದಾರರು, ಇಷ್ಟವಿರಲಿ ಬಿಡಲಿ. ರಾಜಣ್ಣನಿಗೆ ಫಸ್ಟ್ ಶಿಫ್ಟ್ ಇದ್ದರೆ ಜಗಳ ಸಂಜೆಗೆ. ಸೆಕೆಂಡ್ ಶಿಫ್ಟ್ ಇದ್ದರೆ ಬೆಳಿಗ್ಗೆಯೇ. ಏನೋ ಬಿದ್ದ ಸದ್ದು, ಅವನ ಗದರಿಕೆ, ಅವಳ ಎದುರುತ್ತರ, ಮತ್ತೇನೋ ಬಿದ್ದ ಸದ್ದು.

ನಮ್ಮ ಯಜಮಾನರು ಪೇಪರಿನಿಂದ ತಲೆ ಎತ್ತದೆ, “ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ” ಅನ್ನುತ್ತಿದ್ದರು. ನಾನು ಹೂಂಗುಟ್ಟುತ್ತಿದ್ದೆ. (ನಮ್ಮ ಮನೆಯಲ್ಲಿ ಇಂಥದ್ದೇನೂ ಇಲ್ಲ. ನಮ್ಮದೇನಿದ್ದರೂ ಮಾತು ಬಿಡುವ ಯುದ್ಧ. ಕಳೆದ ವರ್ಷದ ದೀಪಾವಳಿಯದು ಸಂಕ್ರಾಂತಿವರೆಗೂ ನಡೆಯಿತು.)

ಆ ಭಾನುವಾರಕ್ಕೆ ಮುಂಚಿನ ಗುರುವಾರ ಏನಾಯಿತೆಂದರೆ, ರಾಜಣ್ಣ ಹಣೆಗೆ ದೊಡ್ಡದೊಂದು ಪ್ಲಾಸ್ಟರ್ ಅಂಟಿಸಿಕೊಂಡು ಕಂಪನಿ ಬಸ್ಸು ಹತ್ತಿದ. ಏನಯ್ಯಾ ಎಂದು ಕೇಳಿದವರಿಗೆಲ್ಲ, “ನನ್ ಹೆಂಡ್ತಿ ಇಕ್ಕಳದಲ್ಲಿ ಬಾರಿಸಿದ್ಲು ಗುರು” ಎಂದ. ಬಸ್ಸಿಗೆ ಬಸ್ಸೇ ನಕ್ಕಿತು. ಅವನೂ ನಕ್ಕನಂತೆ.

ಅದೇ ದಿನ ಮಧ್ಯಾಹ್ನ ಲಕ್ಷ್ಮಿ ನೀರು ಹಿಡಿಯಲು ನಲ್ಲಿಯ ಹತ್ತಿರ ಬಂದಳು. ಬಲಗೈ ಬೆರಳಿನಿಂದ ಮೊಣಕೈವರೆಗೆ ಬಿಳಿ ಕಟ್ಟು. ಏನಾಯ್ತೇ ಎಂದೆ.

“ಬಚ್ಚಲಲ್ಲಿ ಜಾರ್ಬಿಟ್ಟೆ ಕಣಕ್ಕ” ಎಂದಳು, ಬಕೆಟ್ ನೋಡುತ್ತಾ.

ಶನಿವಾರ ರಾಜಣ್ಣ ಅಸೋಸಿಯೇಷನ್‌ಗೆ ದೂರು ಕೊಟ್ಟ. ಹೌದು, ನೀವು ಸರಿಯಾಗಿಯೇ ಓದಿದಿರಿ. ದೂರು ಕೊಟ್ಟವನು ಗಂಡ. ಹೆಂಡತಿ ಹೊಡೆಯುತ್ತಾಳೆ, ಬುದ್ಧಿ ಹೇಳಿ ಎಂದು.

ಇಲ್ಲಿ ನಮ್ಮ ಅತಿಥಿಯ ಪರಿಚಯ ಮಾಡಿಕೊಡಬೇಕು. ನನ್ನ ತಂಗಿಯ ಮಗಳು ವಸುಧಾ. ಸೋಶಿಯಾಲಜಿ ಎಂ.ಎ. ಓದುತ್ತಿದ್ದಾಳೆ. ಸಂಸಾರದೊಳಗಿನ ಹೊಡೆದಾಟದ ಮೇಲೆ ರಿಸರ್ಚ್ ಮಾಡಲು ನಮ್ಮ ಮನೆಗೆ ಬಂದು ಕೂತಿದ್ದಾಳೆ. (ಮದುವೆಯಾಗದ ಹುಡುಗಿಗೆ ಎಂಥ ಸಬ್ಜೆಕ್ಟು ನೋಡಿ.) ಗಂಡಸರು ಶಿಫ್ಟಿಗೆ ಹೋದ ಮೇಲೆ ಮನೆ ಮನೆಗೆ ಹೋಗಿ ಪ್ರಶ್ನೆ ಕೇಳುತ್ತಾಳೆ. ಯಜಮಾನರು ಎಂದಾದರೂ ಹೊಡೆದಿದ್ದಾರಾ? ನೀವು ಎಂದಾದರೂ ಹೊಡೆದಿದ್ದೀರಾ?

ನಾನು ಅವಳಿಗೆ ಮೊದಲೇ ಹೇಳಿದ್ದೆ. “ಇದಕ್ಕೆ ರಿಸರ್ಚ್ ಯಾಕೆ ಬೇಕೇ? ಹೊಡೆಯೋರು ಗಂಡಸರು, ಹೊಡೆಸಿಕೊಳ್ಳೋರು ನಾವು. ಬರ್ಕೊಂಡು ಮನೆಗೆ ಹೋಗು.”

ಶನಿವಾರ ಸಂಜೆ ಅವಳು ಮುಖ ಇಳಿಬಿಟ್ಟುಕೊಂಡು ವಾಪಸ್ ಬಂದಳು. “ದೊಡ್ಡಮ್ಮ, ನೀವು ಹೇಳಿದಷ್ಟು ಸುಲಭ ಇಲ್ಲ. ‘ನಾನೂ ಬಿಡಲ್ಲ, ತಿರುಗಿಸಿ ಕೊಡ್ತೀನಿ’ ಅಂತ ಎಷ್ಟೋ ಜನ ಹೆಂಗಸರೇ ಹೇಳ್ತಿದಾರೆ. ನಮ್ಮ ಮೇಷ್ಟ್ರು ಹೇಳಿರೋ ಪ್ರಕಾರ ಏಟು ಅಂದ್ರೆ ಏಟು. ಯಾರು ಹೊಡೆದ್ರೂ ಒಂದು ಟಿಕ್. ಹಾಗೆ ನೋಡಿದ್ರೆ ನಿಮ್ಮ ಮೇಲಿನ ಮನೇಲಿ ಇಬ್ಬರೂ ಸಮ.”

ಹಣೆಗೊಂದು ಪ್ಲಾಸ್ಟರ್, ಕೈಗೊಂದು ಕಟ್ಟು. ಸಮವೇ ತಾನೆ? ಆದರೂ ನೋಡಿ. ಹೊಡೆಸಿಕೊಂಡ ಗಂಡ ಬಸ್ಸಿನ ತುಂಬ ಹೇಳಿಕೊಂಡು ನಗುತ್ತಾನೆ. ಹೊಡೆಸಿಕೊಂಡ ಹೆಂಡತಿ ಬಚ್ಚಲ ಮೇಲೆ ಅಪವಾದ ಹೊರಿಸುತ್ತಾಳೆ. ಇದಕ್ಕೆ ಟಿಕ್ ಹಾಕುವುದು ಎಲ್ಲಿ?

ಸರಿ, ಭಾನುವಾರ ಬಂತು. ಕಮಿಟಿಯಲ್ಲಿ ಹೆಂಗಸರಿಲ್ಲ. ಪತ್ರಿಕೆಗೆ ಬರೆಯುವವರು, ನಾಲ್ಕು ಮಾತು ಬಲ್ಲವರು ಎಂದು ನನ್ನನ್ನು ಕರೆದರು. (ಹೊಗಳಿದರೆ ನಾನು ಎಲ್ಲಿಗೆ ಬೇಕಾದರೂ ಹೋಗುತ್ತೇನೆ.) ವಸುಧಾ ಬಾಲದಂತೆ ಹಿಂದೆಯೇ ಬಂದಳು.

ಪಂಚಾಯ್ತಿ ನಡೆಸಿದವರು ಸೆಕ್ರೆಟರಿ ವೆಂಕಟೇಶಯ್ಯ. ಫ್ಯಾಕ್ಟರಿಯ ಟೂಲ್ ರೂಮಿನಲ್ಲಿ ಚಾರ್ಜ್‌ಹ್ಯಾಂಡ್, ಅಂದರೆ ಮೇಸ್ತ್ರಿ. ಮೆತ್ತಗಿನ ಮನುಷ್ಯ. ಬೇಸಿಗೆಯಲ್ಲೂ ತುಂಬು ತೋಳಿನ ಷರಟು ಹಾಕಿ ಕತ್ತಿನವರೆಗೂ ಗುಂಡಿ ಹಾಕುವ ಶಿಸ್ತಿನವರು.

ಮೊದಲು ನಾನೇ ಬಾಯಿ ಹಾಕಿದೆ. “ಯಾರು ಮೊದಲು ಕೈ ಮಾಡಿದ್ದು, ಅದನ್ನ ಕೇಳಿ ಸಾರ್.”

“ಅವಳೇ ಮೇಡಂ, ಇಕ್ಕಳ ಎತ್ತಿದ್ಲು” ಎಂದ ರಾಜಣ್ಣ.

“ಕೈ ತಿರುಚಿದ್ಮೇಲೆ ಎತ್ತಿದ್ದು” ಎಂದಳು ಲಕ್ಷ್ಮಿ. ಅವಳು ಹೇಳದೆ ತವರಿಗೆ ಹೋಗಿದ್ದಳಂತೆ, ಬರುವುದು ತಡವಾಯಿತಂತೆ, ಶಿಫ್ಟ್ ಮುಗಿಸಿ ಬಂದವನಿಗೆ ಕಾಫಿ ಇರಲಿಲ್ಲವಂತೆ. ಕಾರಣ ಇಷ್ಟೇ.

ವೆಂಕಟೇಶಯ್ಯ ಎರಡೂ ಕೈ ಅಡ್ಡ ಹಿಡಿದರು. “ಬೇಡ, ಯಾರು ಮೊದಲು ಅನ್ನೋ ಮಾತೇ ಬೇಡ. ಫ್ಯಾಕ್ಟರಿ ಶಾಪಲ್ಲಿ ಇಬ್ಬರು ವರ್ಕರ್ಸ್ ಹೊಡೆದಾಡಿದ್ರೆ ನಾವು ಅದನ್ನ ಕೇಳೋದೇ ಇಲ್ಲ ಮೇಡಂ. ಇಬ್ಬರಿಗೂ ಮೆಮೋ, ಇಬ್ಬರಿಂದ್ಲೂ ಮುಚ್ಚಳಿಕೆ. ಮಾರನೇ ದಿನ ಇಬ್ಬರೂ ಅದೇ ಮೆಷಿನ್ ಮುಂದೆ ನಿಂತಿರ್ತಾರೆ. ಎರಡು ಕೈ ಸೇರದೆ ಚಪ್ಪಾಳೆ ಆಗತ್ತಾ?”

ಎಲ್ಲರೂ ತಲೆಯಾಡಿಸಿದರು. ನಾನೂ ಆಡಿಸಿದೆ. ನಮ್ಮ ಕಾಲೊನಿಯಲ್ಲಿ ಸಂಸಾರವೂ ಒಂದು ಡಿಪಾರ್ಟ್‌ಮೆಂಟು. ಫ್ಯಾಕ್ಟರಿಯಲ್ಲಿ ನಡೆಯುವ ಕಾನೂನು ಮನೆಯಲ್ಲಿ ಯಾಕೆ ನಡೆಯಬಾರದು? ಮೇಲಾಗಿ ವೆಂಕಟೇಶಯ್ಯ ಇನ್ನೊಂದು ಮಾತು ಸೇರಿಸಿದರು. ಮುಚ್ಚಳಿಕೆ ಕೊಡದಿದ್ದರೆ ದೂರು ಕಂಪನಿಯ ಎಸ್ಟೇಟ್ ಆಫೀಸಿಗೆ ಹೋಗುತ್ತದೆ, ಕ್ವಾರ್ಟರ್ಸ್ ಖಾಲಿ ಮಾಡಬೇಕಾಗುತ್ತದೆ. ಲಕ್ಷ್ಮಿಯ ಮುಖದ ಬಣ್ಣ ಇಳಿಯಿತು. ಕ್ವಾರ್ಟರ್ಸ್ ಬಿಟ್ಟರೆ ನಾಗಸಂದ್ರದಲ್ಲಿರುವ ಗಂಡನ ಅಣ್ಣನ ಮನೆಗೆ ಹೋಗಬೇಕು. ಅಲ್ಲಿ ಅತ್ತೆ ಇದ್ದಾರೆ.

ನಾನು ಅವಳನ್ನು ವರಾಂಡಾಕ್ಕೆ ಕರೆದುಕೊಂಡು ಹೋದೆ. “ನಿಜ ಹೇಳೇ, ನೀನೂ ಹೊಡೀತೀಯಾ?”

“ಒಡೀತೀನಿ ಅಕ್ಕ. ಸುಳ್ಯಾಕೆ ಯೋಳ್ಲಿ? ಒಂದೊಂದ್ಸಲ ನಾನೇ ಮೊದ್ಲು ಒಡ್ದಿದೀನಿ.”

ನಾನು ಅವಳ ಪರ ವಕೀಲಿ ಮಾಡಲು ಸಿದ್ಧಳಾಗಿ ಬಂದಿದ್ದೆ. ಕಕ್ಷಿದಾರಳೇ ಹೀಗಂದರೆ?

“ಯಾಕೇ?”

“ಅವ್ರು ಮೆಟ್ಲು ಅತ್ತೋ ಸದ್ದಲ್ಲೇ ಗೊತ್ತಾಗ್ಬಿಡ್ತದೆ, ಇವತ್ತು ಐತೆ ಅಂತ. ಏಟು ಬರ್ತದೆ ಅಂತ ಗೊತ್ತಿದ್ದೂ ಕಾಯ್ಕಂಡು ಕುಂತ್ಕಳದು ಏಟಿಗಿಂತ ಕಷ್ಟ ಅಕ್ಕ. ಅದ್ಕೇ ಒಂದೊಂದ್ಸಲ ನಾನೇ ಸುರು ಮಾಡ್ಬುಡ್ತೀನಿ. ಬೇಗ ಮುಗೀಲಿ ಅಂತ.”

ವಸುಧಾ ಬಾಗಿಲ ಬಳಿ ನಿಂತು ಇದೆಲ್ಲ ಕೇಳಿಸಿಕೊಂಡಳು. ಅವಳ ಪೆನ್ನು ಕೈಯಲ್ಲೇ ಇತ್ತು. ಬರೆಯಲಿಲ್ಲ.

“ನಿಂಗೆ ಅವನನ್ನ ಕಂಡ್ರೆ ಹೆದರಿಕೆಯಾ?” ಎಂದು ಕೇಳಿದೆ. ಲಕ್ಷ್ಮಿ ನನ್ನನ್ನೇ ನೋಡಿದಳು, ಇದೂ ಒಂದು ಪ್ರಶ್ನೆಯೇ ಎನ್ನುವಂತೆ. ಒಳಗೆ ರಾಜಣ್ಣ ಯಾರದೋ ಹೆಗಲ ಮೇಲೆ ಕೈ ಹಾಕಿಕೊಂಡು ಕ್ರಿಕೆಟ್ ವಿಷಯ ಮಾತಾಡುತ್ತಿದ್ದ.

ರುಜು ಹಾಕುವ ಹೊತ್ತಿಗೆ ತೊಡಕಾಯಿತು. ಅವಳ ಬಲಗೈ ಕಟ್ಟಿನೊಳಗಿದೆಯಲ್ಲ, ಪೆನ್ನು ಹಿಡಿಯುವುದು ಹೇಗೆ? ಯಾರೋ ಇಂಕ್ ಪ್ಯಾಡ್ ತಂದು ಹೆಬ್ಬೆಟ್ಟು ಒತ್ತಮ್ಮ ಎಂದರು. “ನಾನು ಏಳನೇ ಕ್ಲಾಸ್ ಪಾಸು” ಎಂದು ಅವಳು ಎಡಗೈಯಲ್ಲಿ ಪೆನ್ನು ಹಿಡಿದು, ತುಟಿ ಕಚ್ಚಿಕೊಂಡು, ಸೊಟ್ಟ ಸೊಟ್ಟಗೆ ತನ್ನ ಹೆಸರು ಬರೆದಳು. ಹೊಡೆಯುವುದಿಲ್ಲ ಎಂದು ಬರೆದುಕೊಡಲು ಬಾರದ ಹಾಗೆ ಆ ಕೈ ಹೇಗಾಯಿತು ಎಂದು ಆ ರೂಮಿನಲ್ಲಿ ಒಬ್ಬರೂ ಕೇಳಲಿಲ್ಲ. ಸಾಕ್ಷಿಯಾದ ನಾನೂ ಕೇಳಲಿಲ್ಲ. ನನಗೆ ಆಗ ಏನು ತೋಚಿತೋ, ಕ್ವಾರ್ಟರ್ಸ್ ಉಳಿಯಿತಲ್ಲ, ಅಷ್ಟೇ ಸಾಕು ಎನಿಸಿತು.

ಕಾಫಿ ಕುಡಿದು ಎಲ್ಲರೂ ಎದ್ದರು. ನಾವು ಹೊರಡುವಾಗ ವೆಂಕಟೇಶಯ್ಯ ವಸುಧಾಳನ್ನು ಮೆಲ್ಲಗೆ ಕರೆದರು.

“ಏನಮ್ಮಾ, ನಿನ್ನ ರಿಸರ್ಚಲ್ಲಿ ಇಬ್ಬರೂ ಹೊಡೆದಾಡಿದ್ರೆ ಒಂದು ಲೆಕ್ಕ, ಗಂಡ ಹೊಡೆದ್ರೆ ಒಂದು ಲೆಕ್ಕ. ಹೆಂಡತಿ ಒಬ್ಬಳೇ ಹೊಡೆದ್ರೆ, ಗಂಡ ತಿರುಗಿಸಿ ಹೊಡೀದೇ ಇದ್ರೆ? ಅದಕ್ಕೆ ಜಾಗ ಇದೆಯಾ?”

“ಇದೆ ಸಾರ್. ಆದ್ರೆ ಹಾಗಂತ ಯಾರೂ ಹೇಳಿಲ್ಲ.”

“ಹೇಳಲ್ಲಮ್ಮ. ಹೇಳಿದ್ರೆ ನಗ್ತಾರೆ” ಎಂದು ಅವರು ತಾವೇ ನಕ್ಕರು. “ನನ್ನ ಫ್ರೆಂಡ್ ಒಬ್ಬನಿದ್ದಾನೆ, ಅದಕ್ಕೆ ಕೇಳಿದೆ.” ಆಮೇಲೆ ಮಣಿಕಟ್ಟಿನ ಗುಂಡಿ ಸರಿಮಾಡಿಕೊಂಡು ರೂಮಿನ ಬೀಗ ಹಾಕಲು ಹೋದರು.

ಆ ತುಂಬು ತೋಳಿನ ಷರಟಿನ ಬಗ್ಗೆ ನಾವು ಎಷ್ಟು ವರ್ಷದಿಂದ ತಮಾಷೆ ಮಾಡಿಕೊಂಡು ಬಂದಿದ್ದೇವೆ! ಹೊಡೆಯುವವರು ಗಂಡಸರು ಎಂದು ವಸುಧಾಳಿಗೆ ಪಾಠ ಹೇಳಿದ್ದೆನಲ್ಲ, ಆ ಪಾಠಕ್ಕೆ ಒಂದು ಕಡೆಯಿಂದ ವೆಂಕಟೇಶಯ್ಯ, ಇನ್ನೊಂದು ಕಡೆಯಿಂದ ಲಕ್ಷ್ಮಿ ತೂತು ಹಾಕಿದ್ದರು. ಹಾಗಂತ ‘ಇಬ್ಬರೂ ಸಮ’ ಎನ್ನುವ ಮೇಷ್ಟರ ಮಾತು ನುಂಗಲು ಹೋದರೆ ಅದೂ ಇಳಿಯುವುದಿಲ್ಲ. ಹೊಡೆತ ಎಣಿಸಬಹುದು. ಮೆಟ್ಟಿಲ ಸದ್ದಿಗೆ ಎದೆ ಹೊಡೆದುಕೊಳ್ಳುವುದನ್ನು ಎಣಿಸುವವರು ಯಾರು? ವೆಂಕಟೇಶಯ್ಯನವರ ಮನೆಯಲ್ಲಿ ಆ ಸದ್ದು ಯಾರಿಗೆ ಕೇಳಿಸುತ್ತದೆ? ಯಾರು ಮೊದಲು ಎಂದು ಕೇಳುವುದೇ ಬೇಡ ಎಂದು ಅವರು ಹೇಳಿದ್ದು ನ್ಯಾಯಕ್ಕೋ, ಹೆದರಿಕೆಗೋ? ನನಗೆ ಗೊತ್ತಿಲ್ಲ. ಈ ಅಂಕಣದಲ್ಲಿ ನಾನು ‘ಗೊತ್ತಿಲ್ಲ’ ಎಂದು ಬರೆಯುವುದು ಅಪರೂಪ, ಓದುತ್ತಾ ಬಂದ ನಿಮಗೆ ಗೊತ್ತೇ ಇದೆ.

ಸೋಮವಾರ, ಮಂಗಳವಾರ ಮೇಲಿನ ಮನೆ ಶಾಂತ. ನಮ್ಮ ಯಜಮಾನರು, “ನೋಡಿದೆಯಾ, ವೆಂಕಟೇಶಯ್ಯನ ಮುಚ್ಚಳಿಕೆ!” ಎಂದರು. ನನಗೂ ಸ್ವಲ್ಪ ಜಂಬ ಬಂತು.

ನಿನ್ನೆ ಸಂಜೆ ಮತ್ತೆ ಸದ್ದಾಯಿತು. ಮೊದಲಿನ ಹಾಗಲ್ಲ. ರಾಜಣ್ಣನ ಗದರಿಕೆ ಕೇಳಿಸಿತು, ಏನೋ ಬಿದ್ದದ್ದು ಕೇಳಿಸಿತು. ಎದುರುತ್ತರ ಇಲ್ಲ. ಎರಡನೆಯ ಸದ್ದು ಇಲ್ಲ. ಯಜಮಾನರು ಪೇಪರ್ ಕೆಳಗಿಟ್ಟರು. ಇಷ್ಟು ವರ್ಷದಲ್ಲಿ ಆ ಜಗಳ ಕೇಳಿ ನನಗೆ ಹೆದರಿಕೆಯಾದದ್ದು ಅದೇ ಮೊದಲು.

ನಾನು ಮೇಲೆ ಓಡಿ ಬಾಗಿಲು ಬಡಿದೆ. ರಾಜಣ್ಣ ತೆಗೆದ. “ಏನಿಲ್ಲ ಮೇಡಂ, ಸುಮ್ನೆ ಮಾತು” ಎಂದು ಚಪ್ಪಲಿ ಮೆಟ್ಟಿಕೊಂಡು ನನ್ನ ಪಕ್ಕದಲ್ಲೇ ಇಳಿದು ಹೋದ. ಹಣೆಯ ಗಾಯ ಒಣಗಿತ್ತು.

ಲಕ್ಷ್ಮಿ ಅಡುಗೆಮನೆಯ ಗೋಡೆಗೆ ಒರಗಿ ಕೂತಿದ್ದಳು. ಕೆಳತುಟಿ ಒಡೆದಿತ್ತು. ಇಕ್ಕಳ ಒಲೆಯ ಪಕ್ಕದಲ್ಲಿ, ಕೈಗೆ ಸಿಗುವ ಹಾಗೇ ಇತ್ತು. ನಾನು ಸೆರಗು ಒದ್ದೆ ಮಾಡಿ ಅವಳ ತುಟಿ ಒರೆಸಿದೆ. ಅವಳು ಅಳದೆ, ಸಿಟ್ಟೂ ಮಾಡದೆ, ರೇಷನ್ ಅಂಗಡಿಯಲ್ಲಿ ಸಕ್ಕರೆ ಬಂದಿದೆಯಾ ಎಂದು ಕೇಳುವ ದನಿಯಲ್ಲಿ ಕೇಳಿದಳು:

“ಅವ್ರು ಮಾತಿಗೆ ತಪ್ಪಿದ್ರು ಅಕ್ಕ, ನಾನು ತಪ್ಲಿಲ್ಲ. ಈಗ ನಾನು ತಿರುಗಿಸಿ ಒಡೀಬೋದಾ, ಇಲ್ಲ ಅದ್ಕೂ ಒಂದು ಮೀಟಿಂಗ್ ಮಾಡ್ತೀರಾ?”